ಭಾರ್ಗವರ ಎರಡು ಹಲ್ಲಿನ ಸ್ಪ್ಯಾನರ್

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆಗೆ ಜಯನಗರದ ನಿವೃತ್ತ ಎಂಜಿನಿಯರ್ ಭಾರ್ಗವ ಠಾಣೆಗೆ ಬಂದು ದೂರು ಕೊಟ್ಟರು. ತಾವೇ ಮಾಡಿದ ಸ್ಪ್ಯಾನರೊಂದು ಮನೆಯಿಂದ ಕಳುವಾಗಿದೆ.

ಕಾನ್‌ಸ್ಟೆಬಲ್ ನಂದಕುಮಾರ್ ನಕ್ಕ. "ಒಂದು ಸ್ಪ್ಯಾನರಿಗೆ ಎಫ್‌ಐಆರಾ ಸಾರ್? ಜೆ.ಸಿ. ರಸ್ತೇಲಿ ಗೋಣಿಗಟ್ಲೆ ಸಿಗುತ್ತೆ."

"ಇದು ಸಿಗಲ್ಲಪ್ಪ. ಗ್ರೆನೇಡ್ ಬಿಚ್ಚೋದು."

ನಂದಕುಮಾರನ ನಗು ಅಲ್ಲೇ ನಿಂತಿತು. ಸಬ್ ಇನ್‌ಸ್ಪೆಕ್ಟರ್ ವಾರಿಜಾ ಎಫ್‌ಐಆರ್ ದಾಖಲಿಸಿ, ಸ್ಥಳ ಪಂಚನಾಮೆಗೆ ಹೊರಟಳು.

ಭಾರ್ಗವರ ಕೋಣೆಯ ಗಾಜಿನ ಕಪಾಟಿನಲ್ಲಿ ಸೈನಿಕರ ತಾಲೀಮಿಗೆ ಬಳಸುತ್ತಿದ್ದ ಹಳೆಯ ಗ್ರೆನೇಡುಗಳಿದ್ದವು. ಎಲ್ಲವೂ ಖಾಲಿ; ಒಳಗೆ ಮದ್ದಿಲ್ಲ ಎಂಬ ಗುರುತಿಗೆ ಮೈಗೆ ತೂತು ಕೊರೆಯಲಾಗಿತ್ತು. ತುಕ್ಕು ಹಿಡಿದ ತಳದ ಮುಚ್ಚಳ ಬಿಚ್ಚಿ ಸ್ವಚ್ಛ ಮಾಡಲು ಬೇಕಾದ ಉಪಕರಣಗಳನ್ನು ಅವರು ಲೇತಿನಲ್ಲಿ ತಾವೇ ಮಾಡಿಕೊಂಡಿದ್ದರು. ಗೋಡೆಯ ಹಲಗೆಯ ಮೇಲೆ ಒಂದು ಮೊಳೆ ಮಾತ್ರ ಬರಿದಾಗಿತ್ತು. ಗ್ರೆನೇಡ್ ಒಂದೂ ಹೋಗಿರಲಿಲ್ಲ.

"ಕಳುವಾದದ್ದು ಯಾವುದಕ್ಕೆ ಸಾರ್?" ವಾರಿಜಾ ಕೇಳಿದಳು.

"ಹಳೇ ಬ್ರಿಟಿಷ್ ಮಾದರಿಗೆ. ನಮ್ಮ ಸೇನೇಲೂ ಇತ್ತು. ಭಾನುವಾರ ನೋಡೋಕೆ ಬಂದವರಲ್ಲಿ ಒಬ್ಬ ಕೇಳ್ದ, ತೂತಿಲ್ಲದ್ದನ್ನೂ ಇದರಲ್ಲೇ ಬಿಚ್ಚಬಹುದಾ ಅಂತ. ಒಳಗೆ ಮದ್ದಿರಬಹುದು, ಮುಟ್ಟಬೇಡ ಅಂದೆ. ಹೆಸರು ಕೇಳಲಿಲ್ಲ ನೋಡಿ."

ವಾರಿಜಾ ಬರಿದಾದ ಮೊಳೆಯತ್ತ ನೋಡಿದಳು. ಹಾಗಾದರೆ ಅವನ ಹತ್ತಿರ ತೂತಿಲ್ಲದ್ದೊಂದಿದೆ. ಅದನ್ನು ಬಿಚ್ಚುವ ಮೊದಲು ಅವನು ಸಿಗಬೇಕು. ತನ್ನ ಊಹೆ ತಪ್ಪಾಗಿದ್ದರೆ ಇಡೀ ಠಾಣೆ ನಗುತ್ತದೆ ಎಂಬ ಅಳುಕಿನಲ್ಲೇ ಇನ್‌ಸ್ಪೆಕ್ಟರ್ ವೆಂಕಟಾಚಲರಿಗೆ ಫೋನ್ ಮಾಡಿದಳು.

"ನೀವು ವಿಳಾಸ ಹುಡುಕಿ, ಬಾಂಬ್ ಸ್ಕ್ವಾಡ್ ನಾನು ಕರೀತೀನಿ" ಎಂದರು ಅವರು.

ಭಾರ್ಗವರ ಹೆಂಡತಿ ಅಮ್ಮಣ್ಣಿಗೆ ಹುಡುಗನ ಮುಖ ನೆನಪಿರಲಿಲ್ಲ; ಕಾಫಿ ನೆನಪಿತ್ತು. "ಕೊಟ್ರೆ ಬೇಡ ಅಂದ. ಅಪ್ಪನ ತಿಥಿ ಆಗೋವರೆಗೂ ಬೇರೆಯವರ ಮನೇಲಿ ಏನೂ ಮುಟ್ಟಲ್ಲ ಅಂದ ಪಾಪ."

"ಕಾಫಿ ಮುಟ್ಟಲಿಲ್ಲ, ಸ್ಪ್ಯಾನರ್ ಮುಟ್ಟಿದ" ಎಂದು ನಂದಕುಮಾರ್ ಗೊಣಗಿದ.

ವಾರಿಜಾ ಆಗಲೇ ಫೋನ್ ತೆಗೆದಿದ್ದಳು. ಗ್ರೆನೇಡ್ ಇರುವ ಮನೆ, ಈಗಷ್ಟೇ ತೀರಿಕೊಂಡ ಅಪ್ಪ; ಆತ ಸೈನ್ಯದಲ್ಲಿದ್ದವನೇ ಇರಬೇಕು. ಮಾಜಿ ಸೈನಿಕರ ಸಂಘದವರು ತಕ್ಷಣ ಹೇಳಿದರು: ಜರಗನಹಳ್ಳಿಯ ಬೈರಣ್ಣ, ಹೋದ ವಾರ ತೀರಿಕೊಂಡರು. ಮಗ ಮನೋಜ್.

ಜರಗನಹಳ್ಳಿಯ ಮನೆ ಬಾಗಿಲಲ್ಲಿ ಬೈರಣ್ಣನ ಹೆಂಡತಿ ರುದ್ರಮ್ಮ ಅವರೆಕಾಯಿ ಸುಲಿಯುತ್ತಿದ್ದಳು. "ಮೇಲಿದ್ದಾನೆ. ಬೆಳಗಿಂದ ಏನೋ ಕುಟ್ತಾ ಇದ್ದಾನೆ."

ರುದ್ರಮ್ಮನನ್ನು ಬೀದಿಯಾಚೆಗೆ ಕರೆದೊಯ್ಯಲು ನಂದಕುಮಾರನಿಗೆ ಸನ್ನೆ ಮಾಡಿ ವಾರಿಜಾ ಮೆಟ್ಟಿಲು ಹತ್ತಿದಳು. ತಾರಸಿಯಲ್ಲಿ ಗ್ರೆನೇಡ್ ತಲೆಕೆಳಗಾಗಿ ಕಬ್ಬಿಣದ ವೈಸಿನ ಹಿಡಿತದಲ್ಲಿ ಕೂತಿತ್ತು. ಸ್ಪ್ಯಾನರಿನ ಎರಡೂ ಹಲ್ಲು ತಳಕ್ಕೆ ಕಚ್ಚಿದ್ದವು. ಮನೋಜನ ಕೈಯಲ್ಲಿ ಸುತ್ತಿಗೆ.

"ಸುತ್ತಿಗೆ ಕೆಳಗಿಡು."

"ಇನ್ನೊಂದೇ ಏಟು ಮೇಡಂ. ಅಲ್ಲಾಡೋಕೆ ಶುರುವಾಗಿದೆ."

"ನಿಮ್ಮಮ್ಮ ಕೆಳಗಿದ್ದಾರೆ, ಮನೋಜ್."

ಅವನು ಸುತ್ತಿಗೆ ಕೆಳಗಿಟ್ಟ. ವಾರಿಜಾ ಅವನ ಮಣಿಕಟ್ಟು ಹಿಡಿದು ಇಳಿಸಿಕೊಂಡು ಬಂದಳು.

ಬಾಂಬ್ ಸ್ಕ್ವಾಡಿನವರು ಬಂದು ಬೀದಿ ಖಾಲಿ ಮಾಡಿಸಿದರು. ಅಕ್ಕಪಕ್ಕದವರೆಲ್ಲ ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಂತರು. ಮನೋಜನನ್ನು ಬಂಧಿಸಿ ಠಾಣೆಗೆ ತರಲಾಯಿತು.

"ಮದ್ದಿರಬಹುದು ಅಂತ ಗೊತ್ತಿದ್ದೂ ಯಾಕೆ ಬಿಚ್ಚೋಕೆ ಹೋದೆ?" ವಾರಿಜಾ ಕೇಳಿದಳು.

"ಅಪ್ಪ ಎಪ್ಪತ್ತೊಂದರ ಯುದ್ಧದಲ್ಲಿದ್ದೆ, ಗ್ರೆನೇಡ್ ಅಲ್ಲಿಂದಾನೇ ತಂದಿದ್ದು ಅಂತಿದ್ದ. ಬೀದಿಯೋರು ನಗೋರು. ನೀನು ಅಲ್ಲಿ ಸಾರು ಕುದಿಸ್ತಿದ್ದೆ ಬೈರಣ್ಣ, ಅದು ತಾಲೀಮಿನ ಡಮ್ಮಿ ಅಂತ. ಹೆಣ ಎತ್ತೋವಾಗ್ಲೂ ಒಬ್ಬ ಅಂದ. ಒಳಗೆ ನೋಡ್ಲೇಬೇಕಿತ್ತು ಮೇಡಂ."

"ಖಾಲಿ ಇದ್ದಿದ್ರೆ?"

"ಬಾಯಿ ಮುಚ್ಕೊಂಡು ತಿಥಿ ಮಾಡ್ತಿದ್ದೆ."

ಸಂಜೆ ಸ್ಕ್ವಾಡಿನಿಂದ ಫೋನ್ ಬಂತು. ಗ್ರೆನೇಡಿನೊಳಗೆ ಮದ್ದು ತುಂಬಿತ್ತು; ಅವರು ಅದನ್ನು ಸುರಕ್ಷಿತವಾಗಿ ನಾಶ ಮಾಡಿದ್ದರು. ವೆಂಕಟಾಚಲ ಎದ್ದು ಬಂದು, "ಒಂದು ಬೀದಿ ಉಳಿಸಿದ್ರಿ ವಾರಿಜಾ" ಎಂದು ಎಲ್ಲರಿಗೂ ಮದ್ದೂರು ವಡೆ ತರಿಸಿದರು. ಸ್ಪ್ಯಾನರನ್ನು ಗುರುತಿಸಲು ಬಂದಿದ್ದ ಭಾರ್ಗವ ಅದರ ಹಲ್ಲುಗಳನ್ನು ಬೆಳಕಿಗೆ ಹಿಡಿದು, "ಒಂಚೂರೂ ಬಾಗಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು.

ವಾರಿಜಾ ಲಾಕಪ್ಪಿನ ಹತ್ತಿರ ಹೋದಳು. "ಮದ್ದಿತ್ತು."

ಮನೋಜ್ ನೆಟ್ಟಗೆ ಕೂತ. "ಬಸ್ ಸ್ಟಾಪಲ್ಲಿ ನಿಂತೋರಿಗೆ ಗೊತ್ತಾಯ್ತಾ?"

"ಇಷ್ಟೊತ್ತಿಗೆ ಜರಗನಹಳ್ಳಿಗೆಲ್ಲ ಗೊತ್ತಾಗಿರುತ್ತೆ."

ಅವನು ಮುಖ ಒರೆಸಿಕೊಂಡ. "ಕೇಸಲ್ಲಿ ಅಪ್ಪನ ಹೆಸರು ಬರುತ್ತಾ ಮೇಡಂ?"

ಆರೋಪಿಯ ತಂದೆಯ ಹೆಸರು ಹೇಗೂ ಬರಲೇಬೇಕಿತ್ತು. ವಾರಿಜಾ ನಂದಕುಮಾರನ ಪಕ್ಕ ನಿಂತು ನಿಧಾನವಾಗಿ ಹೇಳಿ ಬರೆಸಿದಳು: ಮನೋಜ್, ಬಿನ್ ದಿವಂಗತ ಬೈರಣ್ಣ, ಮಾಜಿ ಸೈನಿಕರು.