ಸ್ಪೀಕರಿನಿಂದ ಹಾರಿಹೋದ ಹಕ್ಕಿ

"ಬೇಡ ಅಪ್ಪಾ, ಪ್ಲಗ್ ಹಾಕ್ಬೇಡ! ಸ್ಪೀಕರ್ ಢಂ ಅನ್ನತ್ತೆ!"

ಲೇಬಲ್ ಎರಡೂ ಕೈ ಚಾಚಿ ಗೋಡೆಯ ಸಾಕೆಟ್ಟಿಗೆ ಅಡ್ಡ ನಿಂತಳು. ಅಪ್ಪ ಪ್ಲಗ್ ಹಿಡಿದುಕೊಂಡು ಬೆಪ್ಪಾಗಿ ನಿಂತ.

ಲೇಬಲ್ ಅನ್ನುವುದು ಅವಳ ಅಡ್ಡಹೆಸರು. ಯಾರು ಇಟ್ಟರೋ ಗೊತ್ತಿಲ್ಲ, ನೋಡಿಯೇ ಇಟ್ಟಿದ್ದರು. ಐದನೇ ಕ್ಲಾಸಿನ ಈ ಹುಡುಗಿ ಬಿಸ್ಕತ್ತು ತಿನ್ನುವ ಮೊದಲು ಪ್ಯಾಕೆಟ್ಟಿನ ಹಿಂಬದಿ ಓದುತ್ತಿದ್ದಳು. ಕೆಮ್ಮಿನ ಸಿರಪ್ ಕುಡಿಯುವ ಮೊದಲು ಬಾಟಲಿ ಓದುತ್ತಿದ್ದಳು. ಒಮ್ಮೆ ಸುರಿಯುವ ಮಳೆಯಲ್ಲಿ ಹೊಸ ಛತ್ರಿ ಬಿಚ್ಚದೆ, ಅದಕ್ಕೆ ಕಟ್ಟಿದ್ದ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿ ನೆನೆದು ತೊಪ್ಪೆಯಾಗಿದ್ದಳು.

ಈಗ ಅವಳು ಓದಿದ್ದು ಎರಡು ಲೇಬಲ್. ಒಂದು ಅಪ್ಪನ ಎರಡು ಹಳೆಯ ಸ್ಪೀಕರುಗಳ ಬೆನ್ನಿನದು. ಇನ್ನೊಂದು ಅತ್ತೆ ಕೊಟ್ಟು ಕಳಿಸಿದ್ದ ದೊಡ್ಡ ಆಂಪ್ಲಿಫೈಯರಿನದು.

"ನೋಡಪ್ಪಾ. ಸ್ಪೀಕರ್ ನೂರು ವ್ಯಾಟ್. ಅತ್ತೆಯ ಆಂಪ್ ನೂರೈವತ್ತು ವ್ಯಾಟ್. ನೂರು ಹಿಡಿಯೋ ಜಾಗದಲ್ಲಿ ನೂರೈವತ್ತು ತುಂಬಿದ್ರೆ ಏನಾಗತ್ತೆ?"

"ಏನಾಗತ್ತೆ?"

"ಒಡೆದುಹೋಗತ್ತೆ! ನಮ್ಮ ಹಳೇ ಆಂಪೇ ಇರ್ಲಿ. ಅದು ಮೂವತ್ತೇ ವ್ಯಾಟ್. ಫುಲ್ ಸೇಫ್."

ಯಾರು ಧೈರ್ಯವಾಗಿ ಮಾತಾಡಿದರೂ ಅಪ್ಪನಿಗೆ ಅದೇ ಸರಿ ಅನ್ನಿಸುತ್ತಿತ್ತು. ಅವನು ದೊಡ್ಡ ಆಂಪನ್ನು ಮಗು ಎತ್ತಿಕೊಂಡ ಹಾಗೆ ಎತ್ತಿ ಮೂಲೆಯಲ್ಲಿಟ್ಟ. ಹಳೆಯ ಪುಟ್ಟ ಆಂಪ್ ಟಿವಿಯ ಕೆಳಗೆ ತನ್ನ ಜಾಗದಲ್ಲೇ ಉಳಿಯಿತು.

ಇಷ್ಟೆಲ್ಲ ಗಡಿಬಿಡಿ ಭಾನುವಾರದ ಸಲುವಾಗಿ. ಅಪ್ಪನ ತಂಗಿ, ಅಂದರೆ ಲೇಬಲ್‌ನ ಅತ್ತೆ, ಕಾಡುಮೇಡು ಅಲೆದು ಸದ್ದುಗಳನ್ನು ರೆಕಾರ್ಡ್ ಮಾಡುವವಳು. ಕೆರೆಯೊಂದರ ಬಗ್ಗೆ ಮಾಡಿದ ಸಿನಿಮಾಕ್ಕೆ ಅವಳೇ ಸದ್ದು ಹಿಡಿದಿದ್ದಳು. ಅದು ಭಾನುವಾರ ಸಂಜೆ ಆರಕ್ಕೆ ಟಿವಿಯಲ್ಲಿ ಬರುವುದಿತ್ತು. ಅತ್ತೆಯೂ ಅವತ್ತು ಇಲ್ಲಿಗೇ ಬರುತ್ತಿದ್ದಳು. ಕಟ್ಟಡದ ಮೂರೂ ಮಹಡಿಯವರನ್ನು ಅಪ್ಪ ಕರೆದಾಗಿತ್ತು. "ನಮ್ಮ ಹೋಮ್ ಥಿಯೇಟರಿಗೆ ಬನ್ನಿ" ಎಂದು ಅವನು ಹೇಳಿದಾಗಲೆಲ್ಲ ಅಮ್ಮ, "ಹೂಂ, ಧೂಳಿನ ಥಿಯೇಟರ್" ಎಂದು ನಗುತ್ತಿದ್ದಳು.

ಆ ಸಿನಿಮಾದಲ್ಲಿ ಒಂದು ಹಕ್ಕಿ ಇತ್ತು. ಹೆಬ್ಬೆರಳಿನಷ್ಟು ಪುಟ್ಟದು, ಜೊಂಡಿನ ನಡುವೆ ಅಡಗಿರುವಂಥದ್ದು. ಅದು ಕಣ್ಣಿಗೆ ಬೀಳುವುದೇ ಇಲ್ಲ, ಕೂಗು ಮಾತ್ರ ಕೇಳಿಸುತ್ತದೆ. ಆ ಒಂದು ಕೂಗಿಗಾಗಿ ಅತ್ತೆ ಹನ್ನೊಂದು ದಿನ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳಂತೆ. ಹನ್ನೆರಡನೆಯ ದಿನ ಹಕ್ಕಿ ಎರಡೇ ಎರಡು ಸಲ ಕೂಗಿತಂತೆ.

ಶನಿವಾರ ಬೆಳಿಗ್ಗೆ ಟೆಸ್ಟಿಂಗ್. ಅಮ್ಮ ಡ್ಯೂಟಿಗೆ ಹೋಗಿದ್ದಳು. ಅವಳು ಬಸ್ ಡ್ರೈವರ್. ಅಪ್ಪ ಕುರ್ಚಿ ಕೇಳಿ ತರಲು ಕೆಳಗಿನ ಮನೆಗೆ ಹೋಗಿದ್ದ. ಪಕ್ಕದ ಮನೆಯ ಅವಳಿ ಮಕ್ಕಳು ಬಾಗಿಲಲ್ಲಿ ಹಾಜರಾದವು.

"ಹಾಡು ಹಾಕೇ!"

ಲೇಬಲ್ ಹಾಡು ಹಾಕಿದಳು.

"ಜೋರು ಮಾಡೇ!"

ಲೇಬಲ್ ಜೋರು ಮಾಡಿದಳು.

"ಇನ್ನೂ ಜೋರು! ಸ್ಪೀಕರ್ ಹಾಳಾಗಲ್ಲ ತಾನೆ?"

"ಹಾಳಾಗೋದಾ? ಇದು ಮೂವತ್ತು, ಅದು ನೂರು. ಲೆಕ್ಕ ಬರಲ್ವಾ ನಿಮಗೆ?" ಎಂದು ಜಂಬದಿಂದ ಹೇಳಿ, ಅವಳು ನಾಬನ್ನು ತಿರುಗುವಷ್ಟೂ ತಿರುಗಿಸಿಬಿಟ್ಟಳು.

ಕಿಟಕಿ ಗಾಜು ಗಡಗಡ ಅಂದಿತು. ಹಾಡು ಬಿರುಸಾಯಿತು, ಒರಟಾಯಿತು, ಅಕ್ಕಿಯಲ್ಲಿ ಕಲ್ಲು ಸಿಕ್ಕಿದ ಹಾಗೆ ಕರಕರ ಅನ್ನತೊಡಗಿತು. ಆಂಪಿನ ಮೂತಿಯ ಮೇಲೆ ಒಂದು ಕೆಂಪು ದೀಪ ಮಿಣಮಿಣ ಮಿಣುಕಿತು. "ಡಿಸ್ಕೋ ಲೈಟು!" ಎಂದು ಅವಳಿಗಳು ಕಿರುಚಿದವು. ಮೂವರೂ ಸೋಫಾದ ಮೇಲೆ ಕುಣಿದರು. ಅವರ ಖುಷಿಯನ್ನು ಏನು ಹೇಳುವುದು! ಒಂದು ಹಾಡಲ್ಲ, ಎರಡಲ್ಲ, ಐದು ಹಾಡು ಕುಣಿದರು.

ಆರನೆಯ ಹಾಡು ಯಾಕೋ ಮಂಕಾಗಿತ್ತು. ಹಾಡುವವನು ಕಂಬಳಿ ಹೊದ್ದು ಹಾಡುತ್ತಿದ್ದಾನೇನೋ ಅನ್ನಿಸಿತು. ಕುಣಿದು ಸುಸ್ತಾಗಿದ್ದ ಅವಳಿಗಳು ಅದನ್ನು ಗಮನಿಸದೆ ಮನೆಗೆ ಹೋದವು.

ಲೇಬಲ್ ವಾಲ್ಯೂಮ್ ಇಳಿಸಿ, ಅತ್ತೆ ಅಪ್ಪನ ಫೋನಿಗೆ ಕಳಿಸಿದ್ದ ಸಿನಿಮಾದ ತುಣುಕನ್ನು ಹಾಕಿದಳು. ನೀರು ಗುಳುಗುಳು ಅಂದಿತು. ದೋಣಿಯ ಹುಟ್ಟು ಡಬ್ ಎಂದು ಬಡಿಯಿತು. ಯಾರೋ ಕೆಮ್ಮಿದರು. ಈಗ ಹಕ್ಕಿ ಕೂಗಬೇಕು.

ಕೂಗಲಿಲ್ಲ.

ಇನ್ನೊಮ್ಮೆ ಹಾಕಿದಳು. ನೀರು, ಹುಟ್ಟು, ಕೆಮ್ಮು. ಹಕ್ಕಿ ಇಲ್ಲ. ವಯರ್ ಕಿತ್ತು ಫೋನನ್ನೇ ಕಿವಿಗೆ ಹಿಡಿದಳು. "ಟ್ಸೀ... ಟ್ಸೀ..." ಅಲ್ಲಿದೆ! ಮತ್ತೆ ವಯರ್ ಸಿಕ್ಕಿಸಿ ಸ್ಪೀಕರಿಗೆ ಕಿವಿ ಆನಿಸಿದಳು. ಇಲ್ಲ. ಸ್ಪೀಕರಿನ ಮೇಲ್ತುದಿಯಲ್ಲಿ, ನಾಣ್ಯದಷ್ಟು ಅಗಲದ ಪುಟ್ಟ ಗುಬುಟು ಇತ್ತು, ಅದು ಸದ್ದೇ ಇಲ್ಲದೆ ಕೂತಿತ್ತು. ಇನ್ನೊಂದು ಸ್ಪೀಕರಿನದೂ ಹಾಗೆಯೇ.

ನಾಳೆ ಅತ್ತೆ ಬರುತ್ತಾಳೆ. ಎಲ್ಲರೂ ಕೂತಿರುತ್ತಾರೆ. ಹನ್ನೊಂದು ದಿನ ಕೆಸರಲ್ಲಿ ಕೂತವಳ ಹಕ್ಕಿ ಮಾತ್ರ ಇರುವುದಿಲ್ಲ.

ಮಧ್ಯಾಹ್ನ ಅಮ್ಮ ಡ್ಯೂಟಿ ಮುಗಿಸಿ ಬಂದಾಗ ಲೇಬಲ್ ಸ್ಪೀಕರಿನ ಮುಂದೆ ಮಂಡಿಯಲ್ಲಿ ಮುಖವಿಟ್ಟು ಕೂತಿದ್ದಳು. ಏನಾಯಿತೆಂದು ಅಮ್ಮ ಕೇಳಿದ್ದೇ ತಡ, ಅಳು, ಹಾಡು, ಅವಳಿಗಳು, ಹಕ್ಕಿ ಎಲ್ಲವೂ ಒಟ್ಟಿಗೆ ಹೊರಬಂದವು.

"ಆದ್ರೆ ನಾನು ಲೇಬಲ್ ಓದಿದ್ದೆ ಅಮ್ಮಾ! ಸರಿಯಾಗೇ ಓದಿದ್ದೆ!"

"ಓದಿರ್ತೀಯ, ಗೊತ್ತು. ಮೂಗು ಒರೆಸ್ಕೋ. ಸ್ಕ್ರೂಡ್ರೈವರ್ ತಗೊಂಬಾ."

ಅಮ್ಮ ಎಂಟು ಸ್ಕ್ರೂ ಬಿಚ್ಚಿ ಎರಡೂ ಗುಬುಟುಗಳನ್ನು ಹೊರಗೆ ತೆಗೆದಳು. ತನ್ನ ಊಟದ ಡಬ್ಬಿಯಲ್ಲಿ ಇಡಲು ಹೋದರೆ, ಹಿಂದಿನ ಅಯಸ್ಕಾಂತಕ್ಕೆ ಡಬ್ಬಿಯೇ ಟಪ್ ಎಂದು ಅಂಟಿಕೊಂಡಿತು. ಚಮಚವೂ ಹಾರಿ ಬಂದು ಅಂಟಿಕೊಂಡಿತು. ಅಳುತ್ತಿದ್ದ ಲೇಬಲ್‌ಗೆ ಕಿಸಕ್ಕನೆ ನಗು ಬಂತು. ಚಮಚ ಸಮೇತ ಡಬ್ಬಿ ಹಿಡಿದು ತಾಯಿ ಮಗಳು ಬೀದಿಗಿಳಿದರು.

ಬೀದಿಯ ತಿರುವಿನಲ್ಲಿ ರಿಪೇರಿ ಅಂಗಡಿ. ಅದನ್ನು ನಡೆಸುವ ಹೆಂಗಸನ್ನು ಎಲ್ಲರೂ ಸ್ಪೀಕರ್ ಡಾಕ್ಟರ್ ಅನ್ನುತ್ತಿದ್ದರು. ಅವಳ ಕನ್ನಡಕ ಹಣೆಯ ಮೇಲಿರುತ್ತಿತ್ತು, ಅದನ್ನು ಅವಳು ಮೇಜಿನ ಮೇಲೆಲ್ಲ ಹುಡುಕುತ್ತಿದ್ದಳು.

"ಟ್ವೀಟರ್‌ಗಳು," ಎಂದಳು ಡಬ್ಬಿ ನೋಡಿ. "ಚೂಪು ಸದ್ದೆಲ್ಲ ಇವುಗಳದ್ದೇ." ಮೀಟರಿನ ಎರಡು ಕಡ್ಡಿ ಮುಟ್ಟಿಸಿದಳು. ಮುಳ್ಳು ಅಲ್ಲಾಡಲಿಲ್ಲ. "ಎರಡೂ ಸುಟ್ಟಿವೆ. ಆಂಪ್ ಯಾವುದು?"

"ದೊಡ್ಡದು ಹಾಕ್ಲೇ ಇಲ್ಲ ಆಂಟಿ! ಮೂವತ್ತು ವ್ಯಾಟಿಂದೇ ಹಾಕಿದ್ದು."

"ಫುಲ್ ಇಟ್ಟಿದ್ಯಾ? ಕೆಂಪು ದೀಪ ಮಿಣುಕ್ತಾ?"

"ಅದು ಡಿಸ್ಕೋ..." ಎನ್ನುತ್ತಿದ್ದ ಲೇಬಲ್ ಬಾಯಿ ಮುಚ್ಚಿಕೊಂಡಳು.

ಡಾಕ್ಟರ್ ಹಳೆಯ ಪೇಪರಿನ ಅಂಚಿನಲ್ಲಿ ಗುಂಡಗಿನ ಬೆಟ್ಟಗಳ ಸಾಲು ಬರೆದಳು. "ಸದ್ದು ಆಂಪ್‌ನಿಂದ ಹೀಗೆ ಬರ್ಬೇಕು. ನಾಬ್ ತಿರುಗಿಸ್ದಷ್ಟೂ ಬೆಟ್ಟ ಎತ್ತರ. ಆದ್ರೆ ಚಿಕ್ಕ ಆಂಪ್‌ಗೆ ಇಷ್ಟೇ ಎತ್ತರ ಆಗೋದು. ನೀನು ಇನ್ನೂ ಬೇಕು ಅಂದ್ರೆ ಏನ್ಮಾಡತ್ತೆ ಪಾಪ? ಬೆಟ್ಟದ ತಲೆ ಕತ್ತರಿಸಿ ಕಳ್ಸತ್ತೆ." ಪೆನ್ಸಿಲಿನಿಂದ ಎಲ್ಲ ಬೆಟ್ಟಗಳ ತಲೆಯನ್ನೂ ಅವಳು ಚಪ್ಪಟೆ ಮಾಡಿದಳು. "ಆಗ ಹಾಡಲ್ಲಿ ಇಲ್ಲದೇ ಇರೋ ಚೂಪು ಸದ್ದೆಲ್ಲ ಹುಟ್ಕೊಳತ್ತೆ. ಅದೆಲ್ಲ ಹೋಗಿ ಬೀಳೋದು ಈ ಟ್ವೀಟರ್ ತಲೆ ಮೇಲೆ. ಇದರ ತಂತಿ ನಿನ್ನ ಕೂದಲಿಗಿಂತ ಸಣ್ಣ. ಬಿಸಿಯಾಗಿ ಬಿಸಿಯಾಗಿ, ಪಟ್!"

"ಕರಕರ ಅಂದಿದ್ದು ಅದೇನಾ?"

"ಅದೇ. ಆಂಪ್ ಕೈಲಾಗಲ್ಲ ಕೈಲಾಗಲ್ಲ ಅಂತ ಬಡ್ಕೊಂಡಿದ್ದು."

"ಹಾಗಾದ್ರೆ ನೂರೈವತ್ತು ವ್ಯಾಟಿಂದು?"

"ಅದು ಒಳ್ಳೇದೇ. ಆದ್ರೆ ಅದನ್ನೂ ಫುಲ್ ತಿರುಗಿಸಿದ್ರೆ ನಿನ್ನ ಸ್ಪೀಕರ್ ಉಳಿಯಲ್ಲ."

ಲೇಬಲ್‌ಗೆ ತಲೆ ಕೆಟ್ಟುಹೋಯಿತು. "ಅದರ ಮೇಲೆ ನೂರೈವತ್ತು ಅಂತ ಬರೆದಿದೆಯಲ್ಲ ಆಂಟಿ!"

ಅಮ್ಮ ಕೇಳಿದಳು, "ನನ್ನ ಬಸ್ಸಿನ ಮೀಟರ್‌ನಲ್ಲಿ ಎಷ್ಟರವರೆಗೆ ಬರೆದಿದೆ?"

"ನೂರಿಪ್ಪತ್ತು."

"ನಾನು ಎಷ್ಟರಲ್ಲಿ ಓಡಿಸ್ತೀನಿ?"

"ಮೂವತ್ತು. ಹಿಂದಿನವರೆಲ್ಲ ಬೈತಾರೆ."

ಹೇಳಿದವಳು ಹಾಗೇ ನಿಂತಳು. "ಓ!" ಎಂದಳು. ಆಮೇಲೆ ಇನ್ನೂ ಉದ್ದವಾಗಿ, "ಓಓಓ!" ಎಂದಳು.

ಡಾಕ್ಟರ್ ನಕ್ಕಳು. "ಎರಡರ ಹಿಂದೂ ಓಮ್ ಅಂತ ಒಂದು ನಂಬರ್ ಇರತ್ತೆ, ಅದು ಮಾತ್ರ ಹೊಂದ್ಬೇಕು. ಎಷ್ಟಿತ್ತು ಅಂತ ಮನೆಗೆ ಹೋಗಿ ನೋಡ್ಕೊಂಡು..."

"ಸ್ಪೀಕರ್ ಎಂಟು, ಅತ್ತೆ ಆಂಪೂ ಎಂಟು," ಎಂದು ಲೇಬಲ್ ಉಸಿರು ಬಿಡದೆ ಒಪ್ಪಿಸಿದಳು.

"ಅಬ್ಬಬ್ಬಾ! ನನ್ನ ಗಿರಾಕಿಗಳಲ್ಲಿ ಒಬ್ರಾದ್ರೂ ಹೀಗೆ ಹೇಳಿಲ್ಲ ಕಣೇ."

ಆದರೆ ಡ್ರಾಯರುಗಳನ್ನೆಲ್ಲ ಜಾಲಾಡಿದರೂ ಆ ಅಳತೆಯ ಟ್ವೀಟರ್ ಸಿಕ್ಕಿದ್ದು ಒಂದೇ. ಇನ್ನೊಂದು ತರಿಸಲು ಬುಧವಾರ ಆಗುತ್ತದೆ ಎಂದಳು ಡಾಕ್ಟರ್. ಲೇಬಲ್ ಅತ್ತೆಯ ಹಕ್ಕಿಯ ಕತೆಯನ್ನೆಲ್ಲ ಹೇಳಿದಳು.

ಡಾಕ್ಟರ್ ಕನ್ನಡಕಕ್ಕಾಗಿ ಮೇಜು ತಡಕಾಡಿದಳು, ಹಣೆಯ ಮೇಲೆ ಸಿಕ್ಕಿತು. ಎದ್ದು ಹೋಗಿ ಅಂಗಡಿಯಲ್ಲಿ ತಾನು ದಿನವೂ ಹಾಡು ಕೇಳುವ ಸ್ಪೀಕರಿನ ಸ್ಕ್ರೂ ಬಿಚ್ಚತೊಡಗಿದಳು. "ಬುಧವಾರದವರೆಗೆ ನಂದನ್ನ ಇಟ್ಕೋ. ಆದ್ರೆ ಒಂದು ಷರತ್ತು. ನಾಳೆ ನಂಗೂ ಒಂದು ಕುರ್ಚಿ ಹಾಕಿರ್ಬೇಕು."

ಭಾನುವಾರ ಐದೂವರೆಗೆ ಮನೆ ತುಂಬಿಹೋಯಿತು. ಟಿವಿಯ ಕೆಳಗೆ ಈಗ ಅತ್ತೆಯ ದೊಡ್ಡ ಆಂಪ್ ಕೂತಿತ್ತು. ಕುರ್ಚಿ ಸಾಲದೆ ದಿಂಬುಗಳ ಮೇಲೆ, ಮಂಚದ ಹಲಗೆಯ ಮೇಲೆ ಜನ ಕೂತರು. ಅತ್ತೆ ಬೂಟಿನ ಕೆಸರು ಒರೆಸುತ್ತಲೇ ಒಳಗೆ ಬಂದಳು. ಯಾವತ್ತೂ ಹರಟೆ ಕೊಚ್ಚುವವಳು ಅಂದು ಉಗುರು ಕಚ್ಚುತ್ತಿದ್ದಳು. ಇಷ್ಟು ಜನರ ನಡುವೆ ಕೂತು ತನ್ನ ಕೆಲಸವನ್ನು ಅವಳು ಕೇಳಿರಲೇ ಇಲ್ಲ.

"ಸ್ಪೀಕರಿನ ಟ್ವೀಟರ್ ಬದಲಾಯಿಸಿದ್ರಾ? ಯಾಕೆ?" ಎಂದು ಕೇಳಿದಳು.

"ಅದೂ... ಹಾಗೇ ಸುಮ್ನೆ..." ಎಂದು ಅಪ್ಪ ತಲೆ ಕೆರೆದುಕೊಂಡ. ಈಗ ಲೇಬಲ್ ಸುಮ್ಮನಿದ್ದರೆ ಅತ್ತೆಗೆ ಗೊತ್ತಾಗುತ್ತಿರಲಿಲ್ಲ.

"ಅತ್ತೆ, ನಾನು ನಿನ್ನೆ ಟ್ವೀಟರ್ ಸುಟ್ಟುಬಿಟ್ಟೆ. ಎರಡೂ. ಈಗ ಬೇರೆ ಹಾಕಿದೀವಿ."

"ಸುಟ್ಟಿದೆ ಅಂತ ಹೇಗೆ ಗೊತ್ತಾಯ್ತು ನಿಂಗೆ?"

"ಹಕ್ಕಿ ಇರಲಿಲ್ಲ."

ಅತ್ತೆ ಉಗುರು ಕಚ್ಚುವುದನ್ನು ನಿಲ್ಲಿಸಿದಳು. ಸೋದರಸೊಸೆಯನ್ನೇ ದಿಟ್ಟಿಸಿ ನೋಡಿದಳು. "ನಮ್ಮ ಆಫೀಸಲ್ಲಿ ಎಲ್ಲರಿಗೂ ಆ ತುಣುಕು ಕೇಳಿಸ್ದೆ. ಅರ್ಧ ಜನ, ಯಾವ ಹಕ್ಕಿ, ಎಲ್ಲಿ ಹಕ್ಕಿ ಅಂದ್ರು," ಎಂದಳು. ಆಮೇಲೆ ಲೇಬಲ್‌ನ ಎರಡೂ ಭುಜ ಹಿಡಿದು ದೊಡ್ಡ ಆಂಪಿನ ಪಕ್ಕದಲ್ಲಿ ಕೂರಿಸಿದಳು. "ಇವತ್ತು ವಾಲ್ಯೂಮ್ ನಿನ್ನ ಕೈಲಿರ್ಲಿ."

ಸಿನಿಮಾ ಶುರುವಾಯಿತು. ನಾಬ್ ಇನ್ನೂ ಕಾಲು ಭಾಗವೂ ತಿರುಗಿರಲಿಲ್ಲ, ಆದರೂ ನೀರು ಕಾಲ ಬಳಿಯಲ್ಲೇ ಹರಿದಂತಿತ್ತು. ಎಲ್ಲೂ ಕರಕರ ಇಲ್ಲ. ಲೇಬಲ್ ಆಂಪಿನ ಬೆನ್ನಿನ ಮೇಲೆ ಕೈ ಇಟ್ಟು ನೋಡಿದಳು. ಅದು ಬೆಚ್ಚಗೂ ಆಗಿರಲಿಲ್ಲ. ಇಷ್ಟೊಂದು ಶಕ್ತಿ ಇಟ್ಟುಕೊಂಡು ಎಷ್ಟು ಹಾಯಾಗಿ ಕೂತಿದೆಯಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಮೇಲಿನ ಮಹಡಿಯ ಮಾಮ ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತಿತ್ತು. "ದೋಣಿ ನೋಡ್ರೋ, ದೋಣಿ! ನಮ್ಮ ಕಾಲದಲ್ಲಿ..." ಎಂದು ಅವನು ಶುರು ಮಾಡಿದ. ಅವನ ಮಾತಿಗೆ ಇನ್ನೊಬ್ಬರು ಸೇರಿದರು, ಅವಳಿಗಳು ಬಿಸ್ಕತ್ತಿಗೆ ಜಗಳ ತೆಗೆದವು. "ಏನೂ ಕೇಳಿಸ್ತಿಲ್ಲ! ಜೋರು ಮಾಡಮ್ಮಾ!" ಎಂದು ಮಾಮನೇ ಕೂಗಿದ.

ಲೇಬಲ್ ನಾಬ್ ಮುಟ್ಟಿದಳು. ಟಿವಿಯಲ್ಲಿ ದೋಣಿಯ ಹುಟ್ಟು ಡಬ್ ಅಂದಿತು. ಇನ್ನು ಒಂದು ಕೆಮ್ಮು ಬರಬೇಕು, ಆಮೇಲೆ ಹಕ್ಕಿ. ಹಿಂದೆ ಅತ್ತೆ ಉಸಿರು ಬಿಗಿಹಿಡಿದು ಕೂತಿದ್ದಳು.

ಲೇಬಲ್ ನಾಬನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಸದ್ದು ಜೋರಾಗಲಿಲ್ಲ, ಇನ್ನೂ ತಗ್ಗಿತು.

"ಅರೆ, ಏನಾಯ್ತು?" ಎಂದು ಮಾಮ ಮಾತು ನಿಲ್ಲಿಸಿದ. ಮುಂದಿನವರು ಮುಂದಕ್ಕೆ ಬಾಗಿದರು. ಅವಳಿಗಳ ಬಾಯಿಯಲ್ಲಿ ಬಿಸ್ಕತ್ತು ಅರ್ಧಕ್ಕೇ ನಿಂತಿತು. ಇಡೀ ಕೋಣೆ ಕಿವಿಯಾಯಿತು.

ಟಿವಿಯಲ್ಲಿ ಯಾರೋ ಕೆಮ್ಮಿದರು.

"ಟ್ಸೀ..."

ಕೆಳಮನೆಯ ಪುಟ್ಟ ಪಾಪು ಅಮ್ಮನ ತೊಡೆಯಿಂದ ಜಾರಿ, ಓಡಿಹೋಗಿ ಕಿಟಕಿಯ ಹೊರಗೆ ಇಣುಕಿತು. ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಬೆರಳ ಸಂದಿಯಲ್ಲಿ ನಗು ಕಾಣಿಸುತ್ತಿತ್ತು. ಸ್ಪೀಕರ್ ಡಾಕ್ಟರ್ ತಲೆ ಓರೆ ಮಾಡಿ, ತನ್ನ ಟ್ವೀಟರ್ ಯಾವ ಕಡೆ ಇದೆಯೋ ಆ ಕಡೆಗೇ ನೋಡುತ್ತಿದ್ದಳು.

ಮಾಮ ಲೇಬಲ್‌ನ ಕಡೆಗೆ ಬಾಗಿದ. ಅವನ ಪಿಸುಮಾತನ್ನು ಆ ಕಟ್ಟಡದಲ್ಲಿ ಯಾರೂ ಈವರೆಗೆ ಕೇಳಿರಲಿಲ್ಲ.

"ಎಲ್ಲಿದೆ ಅದು?"

ಲೇಬಲ್ ನಾಬಿನಿಂದ ಕೈ ತೆಗೆದು, ಅವನ ಕಿವಿಯ ಹತ್ತಿರ ಹೋಗಿ, ಅಷ್ಟೇ ಮೆಲ್ಲಗೆ ಹೇಳಿದಳು.

"ತಾಳಿ ಮಾಮ. ಇನ್ನೊಂದ್ಸಲ ಕೂಗತ್ತೆ."