ಹೆತ್ತವಳ ಸಾಕ್ಷಿ

ಗಿರಣಿಯಿಂದ ಹಿಟ್ಟಿನ ಡಬ್ಬಿ ಮನೆಗೆ ಬಂತು, ಮಗು ಬರಲಿಲ್ಲ!

“ಕೂಸೆಲ್ಲಿ ಬೇ?” ಎಂದು ಗುರುಬಾಯಿ ಕೇಳಿದಾಗ, ಗಿರಣಿಗೆ ಹೋಗಿಬಂದ ಸೊಸೆ ರೇಣುಕವ್ವ ಹಿತ್ತಲಲ್ಲಿ ಕರುವಿಗೆ ನೀರು ಕುಡಿಸುತ್ತಿದ್ದಳು. ಬಕೀಟು ಕೈಜಾರಿ ಬಿತ್ತು. ಅಯ್ಯೋ ಶಿವನೇ! ಬಬಲೇಶ್ವರದ ಓಣಿಗುಂಟ ಬರಿಗಾಲಲ್ಲಿ, ತಲೆಯ ಮೇಲೆ ಸೆರಗೂ ಇಲ್ಲದೆ ಅವಳು ಓಡಿದ್ದನ್ನು ಊರೆಲ್ಲ ನೋಡಿತು. ಎರಡು ವರ್ಷದ ಮಗ ಗಿರಣಿಯ ತಿರುಗುವ ಪಟ್ಟಾದ ಮಗ್ಗುಲಲ್ಲಿ ಮೈತುಂಬ ಹಿಟ್ಟು ಬಳಿದುಕೊಂಡು, ಅದರತ್ತ ಕೈಚಾಚುತ್ತ ನಿಂತಿದ್ದ. ಗಿರಣಿಯವನು ಹಾರಿಬಂದು ಎತ್ತಿಕೊಂಡನೆಂದು ಮಗು ಉಳಿಯಿತು. ಒಂದು ಗಳಿಗೆ ತಡವಾಗಿದ್ದರೆ... ಬೇಡ, ಆ ಮಾತು ಆಡುವುದೇ ಬೇಡ.

ಅಂದಿನಿಂದ ರೇಣುಕವ್ವ ಮಗನನ್ನು ಮುಟ್ಟುವುದನ್ನೇ ಬಿಟ್ಟಳು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತರೆ ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ. ಗುರುಬಾಯಿ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು, ಅದಕ್ಕೂ ಬಗ್ಗದಿದ್ದಾಗ ಬೈದಳು. ಬೈಯುವುದರಲ್ಲಿ ಆ ಹೆಣ್ಣುಮಗಳಿಗೆ ದಣಿವೆಂಬುದೇ ಇರಲಿಲ್ಲ. ಕೊನೆಗೆ ರೇಣುಕವ್ವನ ಗಂಡ ರಾಮಲಿಂಗ, ತನ್ನ ಅರಿವೆ ಅಂಗಡಿಗೆ ಮಾಲು ತರಲು ವಿಜಾಪುರಕ್ಕೆ ಹೋದಾಗ ಒಂದು ಸುದ್ದಿ ಕೇಳಿ ಬಂದ. ಗೋಳಗುಮ್ಮಟದ ಹತ್ತಿರ ಒಬ್ಬ ಡಾಕ್ಟರು ವಾರಕ್ಕೊಮ್ಮೆ ಧಾರವಾಡದಿಂದ ಬಂದು ಕೂಡುತ್ತಾರೆ, ಮನಸ್ಸಿನ ಬೇನೆಗೆ ಔಷಧ ಕೊಡುತ್ತಾರೆ ಎಂದು. “ಡಾಕ್ಟರ್ ಅಂತ ಕರಕೊಂಡು ಹೋಗಿ ಆಪರೇಶನ್ ಮಾಡಿ ಕಳಸ್ಯಾರಲೇ!” ಎಂದು ಗುರುಬಾಯಿ ಕೂಗಿದಳು. ತುರ್ತು ಪರಿಸ್ಥಿತಿ ಮುಗಿದು ವರ್ಷವಾಗಿದ್ದರೂ ಹಳ್ಳಿಗಳಲ್ಲಿ, ಹಿಡಿದೊಯ್ದು ಮಕ್ಕಳಾಗದಂತೆ ಆಪರೇಶನ್ ಮಾಡುತ್ತಾರೆಂಬ ಆ ಹೆದರಿಕೆ ಇನ್ನೂ ಇಳಿದಿರಲಿಲ್ಲ. ರಾಮಲಿಂಗ ಕೇಳದೆ ಹೆಂಡತಿಯನ್ನು ಕರೆದೊಯ್ದ. ಗುಳಿಗೆಯಿಂದ ನಿದ್ದೆ ಬಂತು, ಅರ್ಧ ರೊಟ್ಟಿಯೂ ಒಳಗೆ ಹೋಯಿತು; ಕಣ್ಣೀರು ಮಾತ್ರ ನಿಲ್ಲಲಿಲ್ಲ. ಆಗ ಡಾಕ್ಟರು, “ಇಕಿನ್ನ ಹಡದಾಕಿನ್ನ ಕರಕೊಂಡು ಬರ್ರಿ. ಈ ದುಃಖಕ್ಕಿಂತ ಮೊದಲು, ಸಣ್ಣಾಕಿದ್ದಾಗ ಇಕಿ ಹೆಂಗಿದ್ಲು ಅಂಬೂದು ನನಗ ಗೊತ್ತಾಗಬೇಕು” ಎಂದರು.

ಹೀಗೆ ತಿಕೋಟಾದಿಂದ ಹೊಳೆವ್ವ ಬರಬೇಕಾಯಿತು.

ಹೊಳೆವ್ವ ದಣಿದ ಜೀವ. ಗಂಡ ಕಣ್ಣು ಮುಚ್ಚಿದ ಮೇಲೆ ಎಮ್ಮೆ ಕಟ್ಟಿ ಹಾಲು ಮಾರಿ, ಕಂಡವರ ಹೊಲದಲ್ಲಿ ಕಳೆ ತೆಗೆದು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು. ದೊಡ್ಡವಳನ್ನು ಈ ಮನೆಗೆ ಕೊಟ್ಟಿದ್ದಳು. ಚಿಕ್ಕವಳಾದ ರುದ್ರವ್ವನಿಗೂ ಇದೇ ಮನೆಯ ಕಿರಿಯ ಮಗ ಶಿವಶರಣಪ್ಪನಿಗೂ ಮಾತು ಮುಗಿದು, ಹಣೆಗೆ ಕುಂಕುಮ ಹಚ್ಚಿ ಸಕ್ಕರೆ ಹಂಚಿಯಾಗಿತ್ತು. ಯುಗಾದಿ ಕಳೆದರೆ ಮದುವೆ. ಅದೊಂದು ಆಗಿಬಿಟ್ಟರೆ ಕಾಲು ಚಾಚಿ ಮಲಗುತ್ತೇನೆ, ದೇವರು ಯಾವಾಗ ಕರೆದರೂ ಬರುತ್ತೇನೆ ಎಂದು ಅವಳು ಎಮ್ಮೆಯ ಮುಂದೆ ಕೂಡ ಹೇಳಿಕೊಳ್ಳುತ್ತಿದ್ದಳು.

ವಿಜಾಪುರದ ಬಸ್ಸು ಹತ್ತುವ ಮೊದಲು ಗುರುಬಾಯಿ ಬೀಗತಿಯನ್ನು ಬದಿಗೆ ಕರೆದಳು.

“ಬೀಗತೆವ್ವ, ಒಂದು ಮಾತು ಕೇಳ್ರಿ. ಈ ಬ್ಯಾನಿ ನಡುವ ಬಂದಿದ್ದೋ, ಹುಟ್ಟಾ ಬಂದಿದ್ದೋ ಅಂತ ಡಾಕ್ಟರ್ ಕೇಳ್ತಾನಂತ. ಹುಟ್ಟಾ ಬಂದಿದ್ದು ಅಂತಾತಂದ್ರ, ನಿಮ್ಮ ಸಣ್ಣಾಕಿ ನನ್ನ ಹೊಸ್ತಲಾ ದಾಟೂದಿಲ್ಲ ನೋಡ್ರಿ! ಬಳ್ಳಿನ ಹುಳುಕಾಗಿದ್ರ ಎರಡನೇ ಕಾಯಿ ತಗೋಳಾಕ ನಾ ಏನು ಹುಚ್ಚಿ ಅಲ್ಲ.”

“ಛೇ, ಹಂಗೇನಿಲ್ಲರಿ...” ಎಂದಷ್ಟೇ ಹೊಳೆವ್ವ ಅಂದಳು.

ಡಾಕ್ಟರು ನಡುವಯಸ್ಸಿನ ಮನುಷ್ಯ. ಅವರ ಕಣ್ಣೂ ದಣಿದಿತ್ತು, ಆದರೆ ಮಾತಿನಲ್ಲಿ ಅವಸರವಿರಲಿಲ್ಲ. ಒಂದು ಬೆಂಚಿನ ಮೇಲೆ ಹೊಳೆವ್ವ, ಗುರುಬಾಯಿ. ಎದುರಿಗೆ ತಲೆತಗ್ಗಿಸಿದ ರೇಣುಕವ್ವ. ಬಾಗಿಲ ಬಳಿ ಮಗನನ್ನು ಎತ್ತಿಕೊಂಡ ರಾಮಲಿಂಗ.

“ಹೇಳವ್ವಾ,” ಎಂದರು ಡಾಕ್ಟರು, “ಸಣ್ಣಾಕಿದ್ದಾಗ ಹೇಳಿದ ಕೆಲಸ ಪೂರಾ ಮಾಡತಿದ್ಲೋ, ನಡುವ ಬಿಟ್ಟು ಮತ್ತೊಂದಕ್ಕ ಕೈ ಹಚ್ಚತಿದ್ಲೋ? ಸಾಲ್ಯಾಗ ಕುಂತಲ್ಲೇ ಕೂಡತಿದ್ಲೇನು? ಸಾಮಾನು ಕಳೀತಿದ್ಲೇನು? ಮಂದಿ ಮಾತು ಮುಗಿಯೂ ಮೊದಲ ನಡುವ ಬಾಯಿ ಹಾಕತಿದ್ಲೇನು?”

ಹೊಳೆವ್ವ ಬೆರಗಾದಳು. ಈ ಮನುಷ್ಯ ತಿಕೋಟಾದ ತಮ್ಮ ಅಂಗಳದಲ್ಲಿ ನಿಂತು ನೋಡಿದ್ದನೇ? ಒಂದೊಂದು ಪ್ರಶ್ನೆಗೂ ಪುಟ್ಟ ರೇಣುಕಾ ಅವಳ ಕಣ್ಣ ಮುಂದೆ ಓಡಿ ಬಂದಳು... ಅರ್ಧ ಹೆಣೆದ ಜಡೆಯಲ್ಲಿ, ಒಂದೇ ಕಾಲಿನ ಚೈನಿನಲ್ಲಿ, ಕಸಬರಿಗೆಯನ್ನು ಅಂಗಳದ ನಡುವೆಯೇ ಎಸೆದು ಚಿಟ್ಟೆಯ ಬೆನ್ನು ಹತ್ತಿದ ರೇಣುಕಾ! ಅದರ ಹಿಂದೆಯೇ ಬಂದಳು ರುದ್ರವ್ವ, ಹಣೆಯ ಮೇಲೆ ಈ ಮನೆಯವರು ಹಚ್ಚಿದ ಕುಂಕುಮದೊಂದಿಗೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿಲ್ಲವೇ?

“ಇಲ್ಲರಿ ಸಾಹೇಬ್ರ,” ಎಂದಳು ಹೊಳೆವ್ವ. “ನನ್ನ ಮಗಳು ಬಂಗಾರದಂಥಾಕಿ. ಒಂದು ಹೇಳಿದ್ರ ಎರಡು ಮಾಡತಿದ್ಲು. ಕುಂತಲ್ಲಿಂದ ಏಳತಿರಲಿಲ್ಲ.”

“ಬಂಗಾರಂತ ಬಂಗಾರ!” ಗುರುಬಾಯಿಗೆ ತಡೆಯಲಾಗಲಿಲ್ಲ. “ಹೆತ್ತವರಿಗೆ ಹೆಗ್ಗಣ ಮುದ್ದ! ಇಕಿ ನನ್ನ ಮನಿಗೆ ಬಂದಾಗಿಂದ ಒಂದ ದಿನ ಒಂದು ಕೆಲಸ ಹರದಿಲ್ಲ ನೋಡ್ರಿ. ಪಲ್ಯಾಕ ಉಪ್ಪು ಹಾಕಿರೂದಿಲ್ಲ, ಇಲ್ಲಾ ಎರಡು ಸಲ ಹಾಕಿರತಾಳ. ಹಾಲು ಒಲಿ ಮ್ಯಾಲಿಟ್ಟು ಹೂವು ಕಟ್ಟಾಕ ಕೂಡತಾಳ. ಹೂವು ಬಿಟ್ಟು ಬಾಜೂ ಮನಿ ಜಗಳಾ ಕೇಳಾಕ ಹೋಗತಾಳ. ಹಿಡಿಯಾಕ ಹೇಳಿದ್ದು ಹಿಡಿಯೂದಿಲ್ಲ, ಬಿಡು ಅಂದಿದ್ದು ಬಿಡೂದಿಲ್ಲ. ಸೋಮಾರಿ!”

ಡಾಕ್ಟರು ಮುಂದಕ್ಕೆ ಬಾಗಿದರು. “ಅತ್ತೆವ್ವಾ, ನೀವು ಬೈದಿದ್ದರಾಗ ನನಗ ಬೇಕಾದ್ದು ಭಾಳ ಐತಿ. ಆದ್ರ ನೀವು ನೋಡಿದ್ದು ಮದುವಿ ಆದ ಮ್ಯಾಲಿಂದು. ಚಿತ್ತ ಒಂದ ಕಡೆ ನಿಲ್ಲದಂಥ ಒಂದು ತೊಂದರಿ ಇರತೈತಿ, ಅದು ಹುಟ್ಟಾ ಬರತೈತಿ. ಸಣ್ಣ ಹುಡುಗರಾಗ ಇದ್ರ ಎಲ್ಲಾರೂ ಒಪ್ಪತಾರ. ದೊಡ್ಡವರಾದ ಮ್ಯಾಲೂ ಉಳೀತೈತಿ ಅಂದ್ರ ನಮ್ಮ ಡಾಕ್ಟರ್ ಮಂದೀನ ನಗತಾರ. ನಗಲಿ. ಗುಳಿಗಿ ಕೊಟ್ರೂ ದುಃಖ ಹೋಗದವರನ್ನ ನಾ ಇದೊಂದು ಕೇಳದ ಬಿಡೂದಿಲ್ಲ. ಸೋಮಾರಿ, ದಡ್ಡಿ ಅಂತ ಬೈಸಿಕೊಂಡು ಬೈಸಿಕೊಂಡು ಕಡೀಕ ತಾವೂ ಅದನ್ನ ನಂಬಿರತಾರ. ಆ ದುಃಖಕ್ಕ ಬ್ಯಾರೆ ದಾರೀನ ಹುಡುಕಬೇಕಾಕ್ಕೈತಿ.” ಅವರು ಹೊಳೆವ್ವನ ಕಡೆ ತಿರುಗಿದರು. “ಆದ್ರ ತಾಯಿ ಇಲ್ಲ ಅಂತಾಳ. ಹಂಗಾದ್ರ ಇದು ಬರೇ ದುಃಖ. ಅದೇ ಗುಳಿಗಿ ಹೆಚ್ಚು ಮಾಡತೇನಿ.”

ಮುಗಿಯಿತು. ರುದ್ರವ್ವನ ಮದುವೆ ಉಳಿಯಿತು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕುಳಿತಾಗ ಹೊಳೆವ್ವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ರಾಮಲಿಂಗ ಗುಳಿಗೆ ತರಲು ಹೋಗಿದ್ದ. ಗುರುಬಾಯಿ ಮೊಮ್ಮಗನಿಗೆ ಚುರುಮುರಿ ಕೊಡಿಸಲು ರಸ್ತೆಯಾಚೆ ಹೋಗಿದ್ದಳು. ತಾಯಿ ಮಗಳು ಇಬ್ಬರೇ.

“ಯವ್ವಾ,” ಎಂದಳು ರೇಣುಕವ್ವ. ಎಷ್ಟೋ ತಿಂಗಳ ಮೇಲೆ ತಾನಾಗಿ ಆಡಿದ ಮೊದಲ ಮಾತು. “ಸಣ್ಣಾಕಿದ್ದಾಗ ನಾ ಅಷ್ಟು ಛಲೋ ಇದ್ನೇನ?”

“ಇದ್ದೆವ್ವಾ...”

“ನನಗ ಹಂಗ ನೆನಪಿಲ್ಲ. ನೀ ಹೇಳಿದಿ ಅಂದ್ರ ಖರೇನ ಇರಬೇಕು.” ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ಡಾಕ್ಟರ್ ಕೇಳಿದಾಗ ನನಗ ಆಶಾ ಆಗಿತ್ತು. ಇದು ನನ್ನ ಹುಟ್ಟಾ ಬ್ಯಾನಿ ಇದ್ದೀತು, ನಾ ಬೇಕಂತ ಬಿಟ್ಟಿರಲಿಕ್ಕಿಲ್ಲ ಅಂತ... ಈಗ ತಿಳೀತು. ಸಣ್ಣಾಕಿ ಛಲೋ ಇದ್ದು ಈಗ ಹಿಂಗಾಗೇನಿ ಅಂದ್ರ, ನನ್ನ ಕರಳ ಕೆಟ್ಟೈತಿ. ಹಡದಾಕಿ ಯಾರರ ಹಡದಿದ್ದನ್ನ ಮರೀತಾಳೇನ ಬೇ? ಎಮ್ಮಿ ಸೈತ ಮರಿಯೂದಿಲ್ಲ. ನನಗ ಅವನ ಮ್ಯಾಲೆ ಜೀವ ಇಲ್ಲ, ಅದಕ್ಕ ಮರತೇನಿ.”

“ಹಂಗ ಅನಬ್ಯಾಡ, ರೇಣುಕಾ!”

“ರುದ್ರಿ ಬರತಾಳಲ್ಲ, ಆಕಿ ಸಾಕತಾಳ. ಆಕಿ ಎಲ್ಲಾ ನೆನಪಿಡತಾಳ. ನಾ ಇರದಿದ್ರ ಅವನು ಸುಖದಾಗ ಇರತಾನ ಯವ್ವಾ... ನಾ ಇರೂದರೇ ಯಾಕ?”

ಅವಳು ಅಳಲಿಲ್ಲ. ಸಂತೆಗೆ ಹೋಗಿ ಬರುತ್ತೇನೆ ಎಂಬಷ್ಟು ಸಾದಾ ದನಿಯಲ್ಲಿ ಹೇಳಿದಳು. ಒಂದು ಮಗಳ ಹಸೆಮಣೆಗೆ ಇನ್ನೊಂದು ಮಗಳ ಜೀವವೇ? ಹೇಳಿದರೆ ರುದ್ರಿ ಹಾಳು, ಹೇಳದಿದ್ದರೆ ರೇಣುಕಾ ಹಾಳು... ದೇವರೇ, ಎರಡು ಕಣ್ಣು ಕೊಟ್ಟು ಯಾವುದನ್ನು ಕಿತ್ತುಕೊಳ್ಳಲಿ ಎಂದು ನನ್ನನ್ನೇ ಕೇಳುತ್ತೀಯಲ್ಲ! ಆದರೆ ರುದ್ರಿ ಅತ್ತರೂ ಬದುಕುತ್ತಾಳೆ. ಇವಳು...

ಹೊಳೆವ್ವ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ರಸ್ತೆಯಾಚೆ ಕೂಗಿದಳು: “ಬೀಗತೆವ್ವ, ಬರ್ರಿ ಇಲ್ಲಿ! ನೀವೂ ಒಳಗ ಬರ್ರಿ. ನಿಮ್ಮ ಬೆನ್ನ ಹಿಂದ ಹೇಳಿದ್ರ ಅದೂ ಒಂದು ಸುಳ್ಳಾಕ್ಕೈತಿ.”

ಡಾಕ್ಟರ ಮೇಜಿನ ಮುಂದೆ ಅವಳು ಕೂಡಲಿಲ್ಲ, ನಿಂತೇ ಹೇಳಿದಳು.

“ಸಾಹೇಬ್ರ, ಆಗಲೇ ನಾ ಹೇಳಿದ್ದೆಲ್ಲಾ ಸುಳ್ಳ. ಇಕಿ ಹುಟ್ಟಾ ಹಿಂಗ ಅದಾಳ. ಆರೇಳು ವರ್ಷದಾಕಿದ್ದಾಗ ಅಪ್ಪಗ ಬುತ್ತಿ ಒಯ್ಯಿ ಅಂತ ಹೊಲಕ್ಕ ಕಳಸಿದ್ನಿ. ದಾರ್‍ಯಾಗ ಇರಿವಿ ಸಾಲು ನೋಡಕೋತ ಕುಂತು, ಸಂಜಿಕೆ ಬುತ್ತಿ ಹಂಗ ಹೊತಗೊಂಡು ತಿರುಗಿ ಬಂದ್ಲು. ಸಾಲಿ ಮಾಸ್ತರು ಬ್ಯಾಸತ್ತು ‘ಇಕಿನ್ನ ಎಮ್ಮಿ ಕಾಯಾಕ ಹಚ್ಚವ್ವಾ’ ಅಂದ್ರು. ಎಮ್ಮಿನೂ ಕಳಕೊಂಡು ಬಂದ್ಲು. ಉಣ್ಣಾಕ ಕುಂತರ ಎದ್ದು ಓಡತಾಳಂತ ನನ್ನ ಸೆರಗಿಲೆ ಕಂಬಕ್ಕ ಕಟ್ಟತಿದ್ನಿ. ಹೊಡದೇನಿ. ಕಾಲಿಗಿ ಬರಿ ಕೊಟ್ಟೇನಿ ಸಾಹೇಬ್ರ, ಇದ ಕೈಲೆ! ಬೀಗರು ಕೇಳಿದ್ರ ಒಲಿ ತಾಗಿದ ಕಲಿ ಅಂತ ಹೇಳೇನಿ...” ಗುರುಬಾಯಿಯ ಕಡೆ ತಿರುಗಿದಳು. “ನೀವು ನೋಡಾಕ ಬಂದಾಗ ತಿಂದ ಹೋಳಿಗಿ ಇಕಿ ಮಾಡಿದ್ದಲ್ಲ, ನಾ ಮಾಡಿದ್ದು. ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿ ಕೂಡಿಸಿದ್ನಿ. ನಿಮ್ಮ ಕಾಲಿಗೆ ಬೀಳತೇನ್ರಿ, ಆದ್ರ ಇಕಿನ್ನ ಸೋಮಾರಿ ಅನಬ್ಯಾಡ್ರಿ. ಇಕಿ ಕೈಲೆ ಆಗಿಲ್ಲ, ಅಷ್ಟ.”

ರೇಣುಕವ್ವ ತಲೆಯೆತ್ತಿ ತಾಯಿಯನ್ನೇ ನೋಡಿದಳು.

“ಹಂಗಾದ್ರ ನಾ ಅವನ್ನ ಬೇಕಂತ ಬಿಟ್ಟು ಬಂದಿಲ್ಲೇನ ಯವ್ವಾ?”

“ಇಲ್ಲ ನನ್ನವ್ವಾ, ಇಲ್ಲ! ಅವತ್ತು ಅಪ್ಪಗ ಬುತ್ತಿ ಮುಟ್ಟಸಲಿಲ್ಲ ಖರೆ. ಆದ್ರ ಅಪ್ಪ ಹಸಕೊಂಡಿದ್ದ ಅಂತ ನೀನೂ ಮರುದಿನದ ತನಕಾ ಒಂದು ತುತ್ತು ಮುಟ್ಟಲಿಲ್ಲ. ಜೀವ ಇಲ್ಲದಾಕಿ ಹಂಗ ಮಾಡತಾಳೇನ? ನೀ ಬೇಕಂತ ಎಂದೂ ಏನೂ ಬಿಟ್ಟಾಕಿ ಅಲ್ಲ...”

ಆಗ ಅತ್ತಳು ರೇಣುಕವ್ವ! ಗೋಡೆಗೆ ಮುಖ ಮಾಡಿ ಹನಿಸುತ್ತಿದ್ದ ಕಣ್ಣೀರಲ್ಲ, ಬಾಯಿಬಿಟ್ಟು ಹೋ ಎಂದು ಅತ್ತಳು. ಗುಳಿಗೆ ತಂದ ರಾಮಲಿಂಗ ಬಾಗಿಲಲ್ಲೇ ನಿಂತ. ಅಜ್ಜಿಯ ಕಂಕುಳಲ್ಲಿದ್ದ ಮಗು ಹೆದರಿ ತಾನೂ ಅಳತೊಡಗಿತು. ರೇಣುಕವ್ವ ಎದ್ದು ಹೋಗಿ, ಅತ್ತೆಯನ್ನು ಕೇಳದೆ, ಮಗನನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡಳು.

ಡಾಕ್ಟರು ಬೇರೆ ಗುಳಿಗೆ ಬರೆದರು. “ಇದೊಂದು ನೋಡೋಣ. ಪೂರಾ ಹೋಗತೈತಿ ಅಂತ ನಾ ಸುಳ್ಳು ಹೇಳೂದಿಲ್ಲ. ಒಂದು ಸಲಕ್ಕ ಒಂದ ಕೆಲಸ ಹೇಳ್ರಿ. ಗಿರಣಿಗೆ ಹೋಗುವಾಗ ಜೋಡಿ ಒಬ್ಬರು ಇರ್ರಿ. ಬೈಯೂದು ಬಿಡ್ರಿ, ಅದು ಎಲ್ಲಾ ಗುಳಿಗಿಗಿಂತ ದೊಡ್ಡದು” ಎಂದರು.

ಗುರುಬಾಯಿ ಬಾಯಿ ತೆರೆದದ್ದು ಬಸ್ ನಿಲ್ದಾಣದಲ್ಲಿ. ಅವಳ ದನಿ ಮೊದಲ ಸಲ ಸಣ್ಣದಾಗಿತ್ತು.

“ಹಿರೇಕಿ ನನ್ನ ಮೊಮ್ಮಗನ ತಾಯಿ. ಆಕಿನ್ನ ಬಿಡೂದಿಲ್ಲ, ಔಷಧ ಕೊಡಸತೀವಿ. ಗಿರಣಿಗೆ ಇನ್ನ ಮ್ಯಾಲೆ ನಾನ ಹೋಗತೇನಿ. ಆದ್ರ ಬೀಗತೆವ್ವ... ಸಣ್ಣಾಕಿ ಮಾತು ಇಲ್ಲಿಗೇ ಮುಗೀತು.”

“ಅವ್ವಾ!” ಎಂದ ರಾಮಲಿಂಗ.

“ನೀ ಸುಮ್ಕಿರು. ನಿನ್ನ ಹೆಂಡ್ತಿನ್ನ ನಿನಗ ಬಿಟ್ಟೇನಿ. ಸಣ್ಣಾವನ ಬಾಳೇವು ನನಗ ಬಿಡು.”

ಹೊಳೆವ್ವ ಜಗಳವಾಡಲಿಲ್ಲ. ಆಡುವ ಶಕ್ತಿಯೂ ಉಳಿದಿರಲಿಲ್ಲ. ಬೀಗತಿ ಕೆಟ್ಟವಳಲ್ಲ, ಹೆದರಿದ ತಾಯಿ. ಆ ಹೆದರಿಕೆ ಎಂಥದೆಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈಮುಗಿದು ಅಥಣಿ ರಸ್ತೆಯ ಬಸ್ಸು ಹತ್ತಿದಳು. ಕಿಟಕಿಯಿಂದ ನೋಡಿದಾಗ ರೇಣುಕವ್ವ ಮಗನಿಗೆ ಚುರುಮುರಿ ತಿನ್ನಿಸುತ್ತಿದ್ದಳು, ಅರ್ಧ ನೆಲಕ್ಕೆ ಚೆಲ್ಲುತ್ತಿದ್ದಳು.

ತಿಕೋಟಾ ತಲುಪಿದಾಗ ಸಂಜೆಯಾಗಿತ್ತು. ರುದ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊಳೆವ್ವ ಕುಳಿತುಕೊಳ್ಳುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ಕುಳಿತರೆ ಬಾಯಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ರುದ್ರವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿಯನ್ನು ತೆಗೆದಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಶಿವಶರಣಪ್ಪನೆಂದರೆ ಅವಳಿಗೆ ಇಷ್ಟವಿತ್ತು. ಅದು ತಾಯಿಗೆ ಗೊತ್ತಿತ್ತು. ಹೊಳೆವ್ವ ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ಧೈರ್ಯವಾಗದೆ ಹಿಂದಕ್ಕೆ ತೆಗೆದುಕೊಂಡಳು.

“ಅಕ್ಕ ಕೂಸಿನ್ನ ಎತ್ಕೊಂಡ್ಲೇನ ಬೇ?” ಎಂದು ಕೊನೆಗೆ ರುದ್ರವ್ವ ಸೆರಗಿನೊಳಗಿಂದಲೇ ಕೇಳಿದಳು.

“ಎತ್ಕೊಂಡ್ಲವ್ವಾ.”

ರುದ್ರವ್ವ ಮುಖ ಒರೆಸಿಕೊಂಡಳು. ತಾಯಿಯ ಮುಂದೆ ತಾಟು ಇಟ್ಟು, ಬಿಸಿ ರೊಟ್ಟಿ ಹಾಕಿದಳು.

“ಮುಂದ ಯಾರರ ನನ್ನ ನೋಡಾಕ ಬಂದ್ರ, ಅಕ್ಕನ ಸುದ್ದಿ ಮೊದಲ ಹೇಳಿಬಿಡು ಯವ್ವಾ. ಕೇಳಿ ಕುಂತರ ಕೂಡಲಿ, ಎದ್ದು ಹೋದ್ರ ಹೋಗಲಿ.”

ಹೊಳೆವ್ವ ತಲೆಯಾಡಿಸಿದಳು. ರೊಟ್ಟಿ ಮುರಿದು ಮೊದಲ ತುತ್ತನ್ನು ಮಗಳ ಬಾಯಿಗಿಟ್ಟಳು, ಆಮೇಲೆ ತಾನು ಉಂಡಳು.