ಒಲೆ ಊದಿದ ಉಸಿರು

ಸೋಮವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಏರ್‌ಪೋರ್ಟ್ ರಸ್ತೆಯ ಆ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡೇ ಬಂದಳು. ಹೆಡ್ ಕಾನ್‌ಸ್ಟೆಬಲ್ ಚನ್ನಕೇಶವ ಆಗಷ್ಟೇ ಎಸಿಪಿ ಸಾಹೇಬರು ಹೇಗೆ ಸೀನುತ್ತಾರೆಂದು ಇಬ್ಬರು ಪೇದೆಗಳಿಗೆ ಮಾಡಿ ತೋರಿಸುತ್ತಿದ್ದ. ಅರ್ಧ ಸೀನು ಮೂಗಿನಲ್ಲೇ ಉಳಿಯಿತು.

"ಏನಮ್ಮಾ, ಬೆರಳಚ್ಚು ಬೀಳಬಾರದು ಅಂತ ಗ್ಲೌಸಾ?" ಎಂದ.

ಹೆಂಗಸು ತನ್ನ ಕೈಗಳನ್ನು ಬೇರೆಯವರ ಕೈಗಳಂತೆ ನೋಡಿದಳು. "ತೆಗೀಲಿಕ್ಕೆ ಮರ್ತೇನ್ರೀ. ನನ್ನ ಪಾಸ್‌ಪೋರ್ಟ್ ಹೋತ್ರೀ ಸರ್."

ಚನ್ನಕೇಶವ ಕುರ್ಚಿ ಎಳೆದು ಕೊಟ್ಟ. ಆಮೇಲೆ ಬಹಳ ಹೊತ್ತು ತಮಾಷೆ ಮಾಡಲಿಲ್ಲ.

ದೂರಿನ ಸಾರಾಂಶ ಇಷ್ಟು. ಹೆಸರು ಪದ್ಮಶ್ರೀ, ವಯಸ್ಸು ನಲವತ್ತೊಂದು, ಊರು ಮುದ್ದೇಬಿಹಾಳದ ಕಡೆ. ಸಂಜಯನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ. ಹೆರಿಗೆ ಮಾಡಿಸುವ ವಿದ್ಯೆಯನ್ನೇ ಬೇರೆಯಾಗಿ ಓದಿ ಪಾಸಾದವಳು. ಇಂಗ್ಲೆಂಡಿನ ಆಸ್ಪತ್ರೆಯೊಂದು ಆಕೆಯನ್ನು ಮಿಡ್‌ವೈಫ್ ಆಗಿ ಕರೆದಿತ್ತು. ಗುರುವಾರ ಬೆಳಗ್ಗೆ ಅಲ್ಲಿ ತರಬೇತಿಗೆ ಹಾಜರಾಗಬೇಕು. ತಪ್ಪಿದರೆ ಆ ಜಾಗ ಸರದಿಯಲ್ಲಿರುವ ಮುಂದಿನವರಿಗೆ. ವಿಮಾನ ಈ ಸೋಮವಾರ ಮಧ್ಯಾಹ್ನವೇ ಎರಡು ಇಪ್ಪತ್ತಕ್ಕಿತ್ತು.

ಬೆಳಗ್ಗೆ ಕ್ಯಾಬು ಯಲಹಂಕ ದಾಟಿದ ಮೇಲೆ ಒಂದು ಫೋನ್ ಬಂತು. ಗಂಡು ದನಿ, ಆಕೆಯ ಸೀಮೆಯದೇ ಮಾತು. ಹುಣಸಮಾರನಹಳ್ಳಿಯ ಹಿಂದೆ ಕಟ್ಟಡ ಕೆಲಸದವರ ಶೆಡ್ಡಿನಲ್ಲಿ ಹೆಂಡತಿಗೆ ನೋವು ಶುರುವಾಗಿದೆ, ಆಂಬುಲೆನ್ಸ್ ಬರುತ್ತಿಲ್ಲ ಎಂದು ಗೋಗರೆಯಿತು. ಫೋನನ್ನು ಹೆಂಡತಿಯ ಬಾಯಿಗೆ ಹಿಡಿಯಲು ಪದ್ಮಶ್ರೀ ಹೇಳಿದಳು. ಒಂದು ನೋವು ಬಂದು ಹೋಗುವವರೆಗೆ ಉಸಿರು ಕೇಳಿದಳು. ಕ್ಯಾಬ್ ತಿರುಗಿಸಿದಳು.

ಶೆಡ್ಡುಗಳಿಗೆಲ್ಲ ಬೀಗ. ಜನ ಕೆಲಸಕ್ಕೆ ಹೋಗಿದ್ದರು. ಆಕೆ ಗ್ಲೌಸ್ ಹಾಕಿಕೊಂಡು ಒಂದೊಂದು ತಗಡಿನ ಬಾಗಿಲು ಬಡಿದು ಕೂಗುತ್ತಾ ತಿರುಗುತ್ತಿದ್ದಾಗ, ಮಾಸ್ಕ್ ಹಾಕಿದ ಗಂಡಸೊಬ್ಬ ಓಡಿಬಂದು ಕ್ಯಾಬ್ ಚಾಲಕ ನಾಗಲಿಂಗಪ್ಪನ ಹತ್ತಿರ, "ಅಕ್ಕಾರು ಬ್ಯಾಗ್ ತರಾಕ ಹೇಳ್ಯಾರ, ಕತ್ತರಿ ಅದರಾಗ ಐತಂತ," ಎಂದಿದ್ದ. ನಾಗಲಿಂಗಪ್ಪ ಕೊಟ್ಟುಬಿಟ್ಟ. ಬ್ಯಾಗು ಅರ್ಧ ಫರ್ಲಾಂಗು ದೂರದ ಮೋರಿಯ ಮೇಲೆ ಸಿಕ್ಕಿತು. ದುಡ್ಡು ಇತ್ತು, ಕಿವಿಯೋಲೆ ಇತ್ತು. ಪಾಸ್‌ಪೋರ್ಟ್ ಮಾತ್ರ ಇರಲಿಲ್ಲ.

"ಹೆರಿಗೆ ಅಂದ್ರು ಮೇಡಂ," ಎಂದು ನಾಗಲಿಂಗಪ್ಪ ಠಾಣೆಯ ಗೋಡೆಗೆ ಒರಗಿ ಅಳುತ್ತಿದ್ದ. "ಕತ್ತರಿ ಕೇಳಿದ್ರೆ ಇಲ್ಲ ಅಂತ ಹೆಂಗನ್ಲಿ?"

ಇನ್‌ಸ್ಪೆಕ್ಟರ್ ಜ್ಯೋತಿಲಕ್ಷ್ಮಿ ಅವರು ಪದ್ಮಶ್ರೀಯತ್ತ ತಿರುಗಿದರು. "ಯಾರೂ ಇಲ್ಲ ಅಂತ ಗೊತ್ತಾದ್ಮೇಲೂ ಎಷ್ಟೊತ್ತು ಹುಡುಕಿದ್ರಿ?"

"ಅರ್ಧ ತಾಸು ಆಗಿರಬೇಕ್ರೀ. ನಾನೇ ವಿಳಾಸ ತಪ್ಪಿ ತಿಳಕೊಂಡೆ, ಎಲ್ಲೋ ಒಬ್ಬಾಕಿ ಒದ್ದಾಡಾಕತ್ಯಾಳ ಅಂತ..."

"ಇಲ್ಲೂ ಇದೇ ಕೆಲಸ ಮಾಡ್ತಿದ್ರಲ್ಲ. ಅಷ್ಟು ದೂರ ಯಾಕೆ?"

"ಇಲ್ಲಿ ನಾ ಸಿಸ್ಟರ್ ರೀ. ನೋವು ಪೂರಾ ನನ್ನ ಜೋಡಿ ಕಳೀತಾರ, ಕೂಸಿನ ತಲಿ ಕಂಡ ಮ್ಯಾಲೆ ಡಾಕ್ಟರ್ ಬರ್ತಾರ. ತಪ್ಪಲ್ಲ, ಪದ್ಧತಿ ಹಂಗೈತಿ. ಅಲ್ಲಿ ಮೊದಲಿಂದ ಕಡೀತನಕ ಮಿಡ್‌ವೈಫ್‌ದೇ. ಇಂಗ್ಲಿಷ್ ಪರೀಕ್ಷಾ ಎರಡು ಸಲ ಫೇಲಾಗಿ ಮೂರನೇದಕ್ಕ ಪಾಸಾದೇನ್ರೀ. ಈ ಸಲ ಬಿಟ್ಟರ ವಯಸ್ಸೂ ಬಿಡತೈತಿ."

ಜ್ಯೋತಿಲಕ್ಷ್ಮಿ ಅವರು ಕ್ಯಾಬ್ ಕಂಪನಿಗೂ ವಿಮಾನದವರಿಗೂ ತಾವೇ ಫೋನ್ ಮಾಡಿದರು. ಬುಧವಾರ ಅದೇ ಹೊತ್ತಿನ ವಿಮಾನದಲ್ಲಿ ಒಂದು ಸೀಟು ಇತ್ತು. ಅದರಲ್ಲಿ ಹೋದರೂ ಗುರುವಾರಕ್ಕೆ ಮುಟ್ಟಬಹುದು. "ಎರಡು ದಿನ ಕೊಡಿ ನಮಗೆ," ಎಂದರು. ಭಾರತೀಯ ನ್ಯಾಯ ಸಂಹಿತೆ ಕಲಂ 318, 319ರ ಅಡಿ ಎಫ್‌ಐಆರ್ ದಾಖಲಾಯಿತು.

ಪದ್ಮಶ್ರೀಯ ಫೋನು ಕರೆಗಳನ್ನು ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುವಂಥದ್ದು. ಮೇಜಿನ ಮೇಲಿಟ್ಟು ಕೇಳಿಸಿದಳು. ಚನ್ನಕೇಶವ ಕಣ್ಣು ಮುಚ್ಚಿದ. ಇಲಾಖೆಯ ವಾರ್ಷಿಕೋತ್ಸವಗಳಲ್ಲಿ ಇಪ್ಪತ್ತು ವರ್ಷದಿಂದ ಮಿಮಿಕ್ರಿ ಮಾಡುವವನು ಅವನು. ಅವನ ಬಡ್ತಿ ತಡವಾಗಿದ್ದಕ್ಕೂ ಅದೇ ಕಾರಣವೆಂದು ಠಾಣೆಯಲ್ಲಿ ಮಾತಿತ್ತು.

"ಮೇಡಂ, ಇದು ಗಂಡ ಹೆಂಡತಿ ಅಲ್ಲ."

"ಮತ್ತೆ?"

"ಹೆಂಡತಿ ಒದ್ದಾಡುವಾಗ ಯಾವ ಗಂಡ ಬಾಯಿ ಮುಚ್ಕೊಂಡಿರ್ತಾನೆ? ನಡುನಡುವೆ ಬಾಯಿ ಹಾಕ್ತಾನೆ, ಬೈಸ್ಕೋತಾನೆ. ಇಲ್ಲಿ ನೋಡಿ, ಇವಳು ಪೂರ್ತಿ ನಿಲ್ಲಿಸೋವರೆಗೂ ಅವನು ಸುಮ್ಮನೆ. ಅವನು ಮುಗಿಸೋವರೆಗೂ ಇವಳು ಸುಮ್ಮನೆ. ಇಷ್ಟು ಹೊಂದಾಣಿಕೆ ಯಾವ ಸಂಸಾರದಲ್ಲೂ ಇಲ್ಲ. ಗಂಟಲು ಒಂದೇ ಮೇಡಂ."

"ನಿಮ್ಮ ಪೈಕಿಯವನೇ ಅನ್ನಿ."

"ನಮ್ಮ ಪೈಕಿ. ನನಗಿಂತ ಒಂದು ಕೈ ಮೇಲು."

ಪದ್ಮಶ್ರೀ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡಿದ್ದಳು. ಮಾತು ಬಿಟ್ಟು ಉಸಿರಿನ ಭಾಗವನ್ನು ಎರಡು ಸಲ ಕೇಳಿದಳು.

"ಈ ಉಸಿರು ನಾ ಕಲಿಸಿದ್ದು," ಎಂದಳು.

ಬೇರೆ ಕಡೆ ಎಣಿಸಲು ಹೇಳಿಕೊಡುತ್ತಾರೆ, ಹಾ ಹಾ ಎನ್ನಲು ಹೇಳಿಕೊಡುತ್ತಾರೆ. ಪದ್ಮಶ್ರೀ ಬಸುರಿಯರಿಗೆ ಕಲಿಸುವುದು ತನ್ನ ತಾಯಿ ಕಟ್ಟಿಗೆ ಒಲೆ ಊದುತ್ತಿದ್ದ ರೀತಿ. ಊದುಗೊಳವೆಯೊಳಗೆ ಊದಿದಂತೆ ಮೆಲ್ಲಗೆ, ಉದ್ದಕ್ಕೆ. ಕೊನೆಯಲ್ಲಿ ಬೂದಿ ಕಣ್ಣಿಗೆ ಹಾರದಂತೆ ಮುಖವನ್ನು ಪಕ್ಕಕ್ಕೆ ಹೊರಳಿಸಿ ಒಂದು ಸಣ್ಣ ತಡೆ. ಒಲೆಯನ್ನೇ ನೋಡದ ಆರ್.ಟಿ. ನಗರದ ಹುಡುಗಿಯರೂ ಹೀಗೇ ಊದಿ ಹೆತ್ತಿದ್ದರು. ರೆಕಾರ್ಡಿನ ಆ ಉಸಿರಿನ ಕೊನೆಯಲ್ಲೂ ಬೂದಿಯ ತಡೆ ಇತ್ತು.

"ಅಂದ್ರೆ ನಿಮ್ಮ ಹತ್ರ ಕಲಿಯೋರನ್ನ ಯಾರೋ ಕೂತು ನೋಡಿದಾರೆ. ಈಗ ಕಲೀತಿರೋರು ಯಾರ್ಯಾರು?" ಎಂದು ಜ್ಯೋತಿಲಕ್ಷ್ಮಿ ಅವರು ಕೇಳಿದರು.

ನಾಲ್ಕು ಹೆಸರು ಹೇಳಿದಳು. ಕೊನೆಯದಕ್ಕೆ ಸ್ವಲ್ಪ ತಡವಾಯಿತು. "ಸುಮಾ. ಹುಣಸಮಾರನಹಳ್ಳಿ." ಯಾರೂ ಕೇಳದಿದ್ದರೂ ಆಮೇಲೆ ಸೇರಿಸಿದಳು: "ಅವರು ಅಂಥಾ ಮಂದಿ ಅಲ್ರೀ."

ಬರೀ ಉಸಿರಿನ ಗುರುತು ಹಿಡಿದು ತುಂಬು ಬಸುರಿಯ ಮನೆಗೆ ನುಗ್ಗುವುದು ಬೇಡವೆಂದು ಜ್ಯೋತಿಲಕ್ಷ್ಮಿ ಅವರು ನಂಬರಿನ ವಿವರಕ್ಕೆ ಕಾದರು. ಕರೆ ಬಂದ ನಂಬರು ಹುಣಸಮಾರನಹಳ್ಳಿಯ ಮುನಿಶಾಮಿ ಎಂಬ ಮುದುಕನದೆಂದು ಮಂಗಳವಾರ ಸಂಜೆ ಗೊತ್ತಾಯಿತು. ಬುಧವಾರ ಬೆಳಗ್ಗೆ ಏಳಕ್ಕೆ ಚನ್ನಕೇಶವ ಅವನ ಮನೆ ಜಗಲಿಯಲ್ಲಿದ್ದ.

"ಫೋನ್ ಯಾರಿಗೆ ಕೊಟ್ಟಿದ್ದೆ ತಾತ?"

"ಯಾರ್‌ಗೂ ಇಲ್ಲ. ಸೋಮವಾರದಿಂದ ಅದು ಸತ್ತೋಗೈತೆ. ಆನ್ ಮಾಡಾಕೆ ನಂಗ್ ಬರಾಕಿಲ್ಲ."

"ಆಫ್ ಮಾಡಿದ್ಯಾರು?"

"ಅದ್ರಷ್ಟಕ್ಕೇ ಆಗೋಯ್ತು."

ಊರಿನವರು ಊರಿನವನನ್ನು ಪೊಲೀಸರಿಗೆ ಕೊಡುವುದಿಲ್ಲ ಎಂಬುದು ಚನ್ನಕೇಶವನಿಗೆ ಗೊತ್ತಿತ್ತು. ಅವನು ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತ, ತಲೆಗೆ ಕರ್ಚೀಫು ಸುತ್ತಿದ, ಹಲ್ಲಿಲ್ಲದವನಂತೆ ತುಟಿ ಒಳಕ್ಕೆಳೆದುಕೊಂಡ. "ಅದ್ರಷ್ಟಕ್ಕೇ ಆಗೋಯ್ತು, ನಂಗ್ ಬರಾಕಿಲ್ಲ," ಎಂದ. ಕೆಮ್ಮು ಕೂಡ ಮುನಿಶಾಮಿಯದೇ.

ಮುದುಕನಿಗೆ ನಗು ತಡೆಯಲಾಗಲಿಲ್ಲ. ತೊಡೆ ತಟ್ಟಿಕೊಂಡು, "ಅಯ್ಯೋ ಬಡ್ಡೀಮಗ್ನೆ! ನಮ್ ಸಿದ್ದುನೂ ಇಂಗೇ ಆಡ್ತಾನೆ ಕಣೋ, ಇಂಗೇ!" ಎಂದ. ಎಂದವನು ಬಾಯಿಗೆ ಕೈ ಅಡ್ಡ ಹಿಡಿದ.

"ಸುಮಾ ಗಂಡ ಸಿದ್ದುನಾ?" ಎಂದು ಚನ್ನಕೇಶವ ಮೆತ್ತಗೆ ಕೇಳಿದ.

ಮುನಿಶಾಮಿ ನೆಲ ನೋಡಿದ. "ಒಡೀಬ್ಯಾಡ್ರಪ್ಪಾ. ಬೋ ನೊಂದೈತೆ ಆ ಐಕ."

ಸಿದ್ದು ಹಗಲು ಟೆಂಪೋ ಓಡಿಸುವವನು, ಜಾತ್ರೆ ಮದುವೆಗಳ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು. ಮನೆಗೆ ಬೀಗ ಇತ್ತು. ಬೆಳಗಿನ ಜಾವವೇ ಸುಮಾಗೆ ನೋವು ಬಂದು ಸಂಜಯನಗರಕ್ಕೆ ಕರೆದೊಯ್ದರೆಂದು ಪಕ್ಕದವರು ಹೇಳಿದರು. ಜ್ಯೋತಿಲಕ್ಷ್ಮಿ ಅವರ ಜೀಪು ಎಂಟೂವರೆಗೆ ಆಸ್ಪತ್ರೆ ಮುಂದೆ ನಿಂತಿತು. ಗೇಟಿನ ಬಳಿ ಕೂತಿದ್ದ ತೆಳ್ಳಗಿನ ಹುಡುಗ ಖಾಕಿ ಕಂಡವನೇ ಎದ್ದು ನಿಂತ. ಓಡಲಿಲ್ಲ.

"ಒಳಗೆ ಪದ್ಮಕ್ಕ ಅವ್ರೆ," ಎಂದ. "ಫೋನ್ ಮಾಡಿದ್ ತಕ್ಷಣ ಬಂದ್ಬುಟ್ರು."

"ಪಾಸ್‌ಪೋರ್ಟ್ ಎಲ್ಲಿ?"

"ಮನೇಲೈತೆ ಮೇಡಂ. ಏನೂ ಮಾಡಿಲ್ಲ ಅದ್ಕೆ. ಪೂಜೆ ಮಾಡಿ ಇಕ್ಕಿವ್ನಿ."

ಜೀಪಿನಲ್ಲಿ ಅವನ ಹೇಳಿಕೆ ತುಂಡುತುಂಡಾಗಿ ಬಂತು.

"ಯಾಕೆ ಮಾಡಿದೆ?"

"ಏಳ್ನೇ ತಿಂಗಳಲ್ಲಿ ಅಕ್ಕ ಮಾತು ಕೊಟ್ಟಿದ್ರು. ನಿನ್ನ ಕೂಸು ನನ್ನ ಕೈಗೇ ಬೀಳ್ತದ ಅಂದಿದ್ರು. ಆಮೇಲೆ ಅವ್ರು ಫಾರಿನ್‌ಗೆ ಓಗೋ ಡೇಟು ಎರಿಗೆಗಿಂತ ಮುಂಚೇನೇ ಬಂತು."

"ಬೇರೆ ನರ್ಸ್ ಇರಲಿಲ್ವಾ? ಡಾಕ್ಟರ್ ಇರಲಿಲ್ವಾ?"

ಹೆಬ್ಬಾಳದ ಮೇಲ್ಸೇತುವೆ ದಾಟುವಾಗ ಸಿದ್ದು ಚನ್ನಕೇಶವನ ಕಡೆ ತಿರುಗಿದ. "ಎರಡು ಸಲಾನೂ ಇದ್ರು ಸಾರ್," ಎಂದ. "ಮೊದಲ್ನೇದು ಒಟ್ಟೇಲೇ ಓಯ್ತು. ಎರಡ್ನೇದು ಒಂದ್ ಗಂಟೆ ಇತ್ತು. ಟವಲ್ಲಲ್ಲಿ ಸುತ್ತಿ ನನ್ ಕೈಗೇ ಕೊಟ್ರು, ಎರಡು ಸಲಾನೂ. ಕೆರೆ ಏರಿ ಕೆಳಗೆ ನಾನೇ ಮಣ್ ಮಾಡ್ದೆ. ಸುಮಾ ಈ ಸಲ ಅನ್ನ ತಿಂತಿದ್ದಿದ್ದೇ ಅಕ್ಕನ್ ಮುಖ ನೋಡ್ಕೊಂಡು."

"ಅವರ ಕೆಲಸ ಹೋಗುತ್ತೆ ಅಂತ ಗೊತ್ತಿರಲಿಲ್ವೇನೋ?"

"ಇಲ್ಲ ಸಾರ್! ಎರಡು ವಾರ ಲೇಟಾಗ್ತದೆ, ಅಷ್ಟೇ ಅನ್ಕೊಂಡಿದ್ದೆ. ಫ್ಲೈಟು ನಮ್ಮೂರ್ ಮೇಲೇ ಓಗ್ತವಲ್ಲ ಸಾರ್, ಐದೈದು ನಿಮಿಷಕ್ಕೆ. ಒಂದು ತಪ್ಪಿದ್ರೆ ಇನ್ನೊಂದು ಅನ್ಕೊಂಡೆ."

ಮನೆಯಲ್ಲಿ ಪಂಚನಾಮೆ ನಡೆಯಿತು. ಪಂಚರಲ್ಲಿ ಮುನಿಶಾಮಿಯೂ ಒಬ್ಬ. ದೇವರ ಗೂಡಿನಿಂದ ವಶಪಡಿಸಿಕೊಂಡ ಹಸಿರು ರವಿಕೆ ಕಣದ ಗಂಟನ್ನು ಬಿಚ್ಚಿ ಚನ್ನಕೇಶವ ಒಂದೊಂದಾಗಿ ಹೇಳಿದ, ಪೇದೆ ಬರೆದುಕೊಂಡ: ಮಡಿಲಕ್ಕಿ, ಒಂದು ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಒಂದು ಅಚ್ಚು ಬೆಲ್ಲ, ಅದರ ಮೇಲೆ ಒಂದು ಪಾಸ್‌ಪೋರ್ಟ್, ಅದಕ್ಕೆ ಕುಂಕುಮ ಹಚ್ಚಿದೆ. ಹೆರಿಗೆಯಾದ ಮೇಲೆ ಪದ್ಮಶ್ರೀಯ ಮಡಿಲು ತುಂಬಿ, ಮನೆಮಗಳನ್ನು ಕಳಿಸುವಂತೆ ಕಳಿಸಬೇಕೆಂದು ಕಟ್ಟಿಟ್ಟಿದ್ದು. ಬರೆಯುತ್ತಿದ್ದ ಪೇದೆ ಬೆಲ್ಲ ಎಂಬಲ್ಲಿ ಪೆನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದ.

ಹನ್ನೊಂದು ಗಂಟೆಗೆ ಅವರು ಮತ್ತೆ ಆಸ್ಪತ್ರೆಯಲ್ಲಿದ್ದರು. ಕೇಸಿನ ಸಾಕ್ಷ್ಯವಾಗಿ ವಶವಾದ ಮುದ್ದೆಮಾಲಾದರೂ ಸಂಜೆಯೊಳಗೆ ನ್ಯಾಯಾಲಯಕ್ಕೆ ತಿಳಿಸುವ ಹೊಣೆ ತಮ್ಮದೆಂದು ಜ್ಯೋತಿಲಕ್ಷ್ಮಿ ಅವರು ಪಾಸ್‌ಪೋರ್ಟನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಹೆರಿಗೆ ಕೋಣೆಯ ಬಾಗಿಲು ತಟ್ಟಿದಾಗ ಪದ್ಮಶ್ರೀ ಹೊರಗೆ ಬಂದಳು. ಕೈಗೆ ಗ್ಲೌಸ್ ಇತ್ತು.

"ಸಿಕ್ಕಿದೆ. ಈಗಲೇ ಹೊರಟ್ರೆ ಜೀಪಲ್ಲಿ ನಾನೇ ಬಿಟ್ಟುಬರ್ತೀನಿ. ಹನ್ನೊಂದೂವರೆವರೆಗೂ ಟೈಮಿದೆ. ಯಾರು ಅಂತ..."

"ಗೊತ್ರೀ. ಸೋಮವಾರನೇ ಗೊತ್ತಿತ್ತು. ಅಲ್ಲಂತ ನನಗ ನಾನೇ ಹೇಳ್ಕೊಂಡೆ." ಆಕೆ ದನಿ ತಗ್ಗಿಸಿದಳು. "ಸುಮಾಗ ತಿಳಿಸಬ್ಯಾಡ್ರಿ. ಪಾಪ, ಆಕಿಗೆ ಏನೂ ಗೊತ್ತಿಲ್ಲ."

"ಪದ್ಮಶ್ರೀ, ಡಾಕ್ಟರ್ ಇದ್ದಾರೆ. ಹೊರಡಿ."

ಒಳಗಿನಿಂದ ಉಸಿರು ಕೇಳಿಸಿತು. ಮೆಲ್ಲಗೆ, ಉದ್ದಕ್ಕೆ. ಆದರೆ ಕೊನೆಯ ತಡೆ ಬರಲಿಲ್ಲ. ಉಸಿರು ಹರಿದು ಕೂಗಾಯಿತು. "ಅಕ್ಕಾ, ಎಲ್ಲೋದ್ರಿ?"

ಪದ್ಮಶ್ರೀ ಪಾಸ್‌ಪೋರ್ಟನ್ನು ನೋಡಿದಳು. ಮುಟ್ಟಲಿಲ್ಲ. ಗ್ಲೌಸ್ ಮಲಿನವಾದರೆ ಮತ್ತೆ ಬದಲಿಸಬೇಕು.

"ಕೈ ಇಟ್ಟಾಗೇತ್ರೀ ಮೇಡಂ," ಎಂದಳು. "ಇಟ್ಟ ಮ್ಯಾಲೆ ನಡುವ ಎದ್ದು ಹೋಗೂದು ನಾ ಕಲ್ತಿಲ್ಲ." ಬಾಗಿಲು ಮುಚ್ಚಿತು.

ಜ್ಯೋತಿಲಕ್ಷ್ಮಿ ಅವರು ಜೀಪಿನ ಎಂಜಿನ್ ಆರಿಸಲು ಹೇಳಲಿಲ್ಲ. ಹನ್ನೊಂದೂವರೆ ಆಯಿತು. ಹನ್ನೆರಡಾಯಿತು. ಆಮೇಲೆ ಚಾಲಕ ತಾನೇ ಆರಿಸಿದ. ಎರಡು ಇಪ್ಪತ್ತರ ಹೊತ್ತಿಗೆ ಆಕಾಶದಲ್ಲೊಂದು ಸದ್ದು ಹೋಯಿತು. ಅದೇ ವಿಮಾನವೋ ಬೇರೆಯದೋ, ಗೇಟಿನಲ್ಲಿದ್ದ ಯಾರೂ ತಲೆ ಎತ್ತಲಿಲ್ಲ, ಸಿದ್ದುವೊಬ್ಬನ ಹೊರತು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಮಗು ಅತ್ತಿತು. ಹೆಣ್ಣು. ಡಾಕ್ಟರಮ್ಮ ಬಾಗಿಲ ಬಳಿ ನಿಂತು ನೋಡಿದರಂತೆ, ಮುಂದೆ ಬರಲಿಲ್ಲವಂತೆ. ಟವಲ್ಲಿನಲ್ಲಿ ಸುತ್ತಿದ್ದನ್ನು ಪದ್ಮಶ್ರೀಯೇ ತಂದು ಸಿದ್ದುವಿನ ಕೈಗೆ ಕೊಟ್ಟಳು. ಅವನು ತೆಗೆದುಕೊಳ್ಳಲು ಹೆದರಿದ. ಟವಲ್ಲು ಒದ್ದಾಡಿತು. ಆಗ ಹಿಡಿದುಕೊಂಡ.

ಬಂಧನದ ಕಾಗದಕ್ಕೆ ಅವನು ಸಹಿ ಹಾಕಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ದೂರು ಹಿಂದಕ್ಕೆ ಪಡೆಯುತ್ತೀರಾ ಎಂದು ಜ್ಯೋತಿಲಕ್ಷ್ಮಿ ಅವರು ಕೇಳಲಿಲ್ಲ, ಪದ್ಮಶ್ರೀಯೂ ಹೇಳಲಿಲ್ಲ. ಮಗುವನ್ನು ಒಳಗೆ ಕಳಿಸಿ ಅವಳು ಸಿದ್ದುವಿನ ಎದುರು ಸ್ಟೂಲು ಎಳೆದುಕೊಂಡು ಕೂತಳು.

"ಎಲ್ಲಿ, ಅದನ್ನೊಮ್ಮೆ ಮಾಡೋ."

"ಏನಕ್ಕಾ?"

"ಫೋನಿನಾಗ ಮಾಡಿದ್ದು. ನನ್ನ ಮುಂದ ಮಾಡು."

ಸಿದ್ದು ಚನ್ನಕೇಶವನನ್ನು ನೋಡಿದ. ಚನ್ನಕೇಶವ ತಲೆಯಾಡಿಸಿದ. ಹುಡುಗ ಕಣ್ಣೊರೆಸಿಕೊಂಡು ಗಂಟಲು ಸರಿಮಾಡಿಕೊಂಡ. "ಅಕ್ಕಾರ, ನನ್ನ ಹೇಣ್ತಿಗೆ ಬ್ಯಾನಿ ಸುರು ಆಗ್ಯಾವ್ರೀ, ಲಗೂನ ಬರ್ರೀ..." ಮುದ್ದೇಬಿಹಾಳವೇ ಬೆಂಚಿನ ಮೇಲೆ ಕೂತಂತಾಯಿತು. ಆಮೇಲೆ ಉಸಿರು. ಮೆಲ್ಲಗೆ, ಉದ್ದಕ್ಕೆ. ಕೊನೆಯಲ್ಲಿ ಮುಖ ಪಕ್ಕಕ್ಕೆ ಹೊರಳಿಸಿ ಬೂದಿಯ ತಡೆ.

ಪೇದೆಗೆ ತಡೆಯದೆ ನಗು ಬಂತು. ಬಾಗಿಲಲ್ಲಿದ್ದ ಆಸ್ಪತ್ರೆಯ ಆಯಾ ನಕ್ಕಳು. ಜ್ಯೋತಿಲಕ್ಷ್ಮಿ ಅವರ ತುಟಿ ಸಡಿಲವಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪದ್ಮಶ್ರೀ. "ಏ ಹುಚ್ಚ! ನಿನ್ನ ಹೇಣ್ತಿ ಇಷ್ಟು ಛಂದ ಊದಲಿಲ್ಲೋ! ನಿನ್ನನ್ನೇ ಹೆರಿಗಿ ಮಾಡ್ಸಬೇಕಿತ್ತು ನಾನು!" ಎಂದಳು. ಪೇದೆ ನಿಲ್ಲಿಸಿದ, ಆಯಾ ನಿಲ್ಲಿಸಿದಳು, ಸಿದ್ದು ತಲೆ ತಗ್ಗಿಸಿದ. ಅವಳು ಸ್ಟೂಲಿನ ಮೇಲೆ ಮುಂದಕ್ಕೂ ಹಿಂದಕ್ಕೂ ತೂಗಾಡುತ್ತ ನಗುತ್ತಲೇ ಇದ್ದಳು. ಇನ್ನೂ ಗ್ಲೌಸ್ ತೆಗೆಯದ ಕೈಗಳನ್ನು ಮುಖಕ್ಕೆ ತಾಗಿಸದಂತೆ ಮೇಲೆ ಎತ್ತಿ ಹಿಡಿದುಕೊಂಡಿದ್ದರಿಂದ ಕಣ್ಣು ಒರೆಸಿಕೊಳ್ಳಲು ಆಗುತ್ತಿರಲಿಲ್ಲ.

ಒಮ್ಮೆ ಕೇಳಿದರೆ ಸಾಕು, ಚನ್ನಕೇಶವ ಯಾರ ನಗುವನ್ನಾದರೂ ಮಾಡಿ ತೋರಿಸುತ್ತಾನೆ. ಆ ನಗುವನ್ನು ಮಾತ್ರ ಠಾಣೆಯವರು ಎಷ್ಟು ಕೇಳಿದರೂ ಮಾಡಿಲ್ಲ.